ಗಚ್ಚು, ಸಿಮೆಂಟು ಮತ್ತು ನೀರಿನ ಋಣ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳನ್ನು ನೀರೇ ಒಂದಕ್ಕೊಂದು ಬಂಧಿಸಿರುವದು. ಆಳಂದದ ಸೀಮೆಯಿಂದ ಇಳಿದು ಬರುವ ಅಮರ್ಜೆಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿಯಲ್ಲಿ ಭೀಮೆಯನ್ನು ಕೂಡುವದು. ಭೀಮೆಯು ಜೇವರ್ಗಿಯ ನೆಲವನ್ನು ತೋಯಿಸುತ್ತ ಕೃಷ್ಣೆಯತ್ತ ಸಾಗುವದು. ಈ ಸೀಮೆಯಲ್ಲಿ ಹಿರಿಯರು ಕಟ್ಟಿದ ಮಠಗಳು, ಗುಡಿಗಳು, ವಾಡೆಗಳು, ಬಾವಿಗಳು ಇವೆಲ್ಲವೂ ನೀರಿನಿಂದ ಹುಟ್ಟಿ ನೀರಿನೊಡನೆಯೇ ಬಾಳಿದಂಥವು. ಯಾಕೆಂದರೆ ಗಚ್ಚಾಗಲಿ ಸಿಮೆಂಟಾಗಲಿ ನೀರಿಲ್ಲದೆ ಕಲ್ಲಾಗಲಾರದು. ಹೀಗೆ ಒಮ್ಮೆ ಕಲ್ಲಾದುದನ್ನು ಹತ್ತು, ಐವತ್ತು, ನೂರು ವರ್ಷಗಳ ತರುವಾಯ ಮತ್ತೆ ನೀರು ಬಂದು ಮುಟ್ಟಿದರೆ ಅದು ಬಲಗೊಳ್ಳುವದೋ ಕುಂದುವದೋ ಎಂಬುದು ಜೀರ್ಣೋದ್ಧಾರಕ್ಕೆ ಕೈಯಿಕ್ಕುವ ಪ್ರತಿಯೊಬ್ಬ ಭಕ್ತನೂ ತಿಳಿಯತಕ್ಕ ವಿಷಯವಾಗಿದೆ.

ಪೂರ್ವಕಾಲದಲ್ಲಿ ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಉಸುಕು ಬೆರೆಸಿ, ಎತ್ತಿನ ಗಾಣದಲ್ಲಿ ಅರೆದು ಗಚ್ಚನ್ನು ಸಿದ್ಧಪಡಿಸುತ್ತಿದ್ದರು. ಭೀಮಾ ಕಣಿವೆಯಲ್ಲಿ ಸುಣ್ಣದ ಕಲ್ಲಿಗೆ ಬರವಿಲ್ಲ. ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದದ ಫರಸಿಯೂ ಅದೇ ಜಾತಿಯದು. 1367ರಲ್ಲಿ ಪೂರ್ಣವಾದ ಕಲಬುರ್ಗಿ ಕೋಟೆಯ ಜಾಮಿ ಮಸೀದಿಯು ಕಲ್ಲು ಸುಣ್ಣಗಳ ಆ ವಿದ್ಯೆಗೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ. ಆದರೆ ಬರಿಯ ಸುಣ್ಣಕ್ಕೆ ಒಂದು ಕೊರತೆಯುಂಟು. ಅದು ಗಾಳಿಯಲ್ಲಿಯ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಕಲ್ಲಾಗುವದರಿಂದ, ಗಾಳಿಯಾಡದ ನೀರಿನೊಳಗೆ ಬಿಗಿಯುವದಿಲ್ಲ. ಈ ಕೊರತೆಯನ್ನು ನೀಗಲು ಸುಟ್ಟ ಇಟ್ಟಿಗೆಯ ಪುಡಿಯನ್ನು, ಅಂದರೆ ಸುರ್ಕಿಯನ್ನು, ಸುಣ್ಣದೊಡನೆ ಕೂಡಿಸುವ ಪದ್ಧತಿಯು ಬಂದಿತು. ಅಂಥ ಗಾರೆಯು ನೀರಿನೊಳಗೂ ಬಿಗಿಯುವದು. 1911ರಲ್ಲಿ ಆರಂಭವಾದ ಮೈಸೂರು ಸೀಮೆಯ ಕೃಷ್ಣರಾಜಸಾಗರದ ಕಟ್ಟೆಯನ್ನು ಕಟ್ಟಿದ್ದು ಇಂಥ ಸುರ್ಕಿಯ ಗಾರೆಯಿಂದಲೇ.

ಪರದೇಶದವರೂ ಇದೇ ದಾರಿಯನ್ನು ತುಳಿದರು. ಪ್ರಾಚೀನ ರೋಮನರು ಅಗ್ನಿಪರ್ವತದ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ಸಮುದ್ರದಲ್ಲಿ ಬಂದರುಗಳನ್ನು ಕಟ್ಟಿದರು. ಆ ಗೋಡೆಗಳ ಒಳಹೊಕ್ಕ ಸಮುದ್ರಜಲವು ಕಾಲಾಂತರದಲ್ಲಿ ಅಲ್ಲಿ ಹೊಸ ಖನಿಜಗಳನ್ನು ಬೆಳೆಸಿ ಬಿರುಕುಗಳನ್ನು ತುಂಬಿರುವದನ್ನು ಈಚಿನ ಶೋಧಕರು ಕಂಡಿದ್ದಾರೆ. 1756ರಲ್ಲಿ ಇಂಗ್ಲಂಡದ ಸ್ಮೀಟನ್ ಎಂಬ ಶಿಲ್ಪಿಯು ಎಡಿಸ್ಟನ್ ಬಂಡೆಯ ಮೇಲೆ ದೀಪಸ್ತಂಭವನ್ನು ಕಟ್ಟಲು ತೊಡಗಿದಾಗ, ಜೇಡಿ ಬೆರೆತ ಸುಣ್ಣದ ಕಲ್ಲನ್ನು ಸುಟ್ಟರೆ ಆ ಸುಣ್ಣವು ನೀರಿನಲ್ಲಿಯೇ ಗಟ್ಟಿಯಾಗುವದೆಂಬುದನ್ನು ಕಂಡುಕೊಂಡನು. 1824ರಲ್ಲಿ ಆಸ್ಪಡಿನ್ ಎಂಬವನು ಪೋರ್ಟ್‌ಲಂಡ್ ಸಿಮೆಂಟಿಗೆ ಸನದು ಪಡೆದನು. ಮುಂದೆ ನೂರು ವರ್ಷಗಳಲ್ಲಿ ಆ ವಿದ್ಯೆಯು ಭೀಮಾತೀರಕ್ಕೂ ಬಂದಿತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಸಂಸ್ಥೆಯಾದಾಗ ಶಹಾಬಾದದ ಸಿಮೆಂಟು ಕಂಪನಿಯೂ ಅವುಗಳಲ್ಲಿ ಒಂದಾಗಿದ್ದಿತು. ಆಗ ಈ ಸೀಮೆಯೆಲ್ಲ ಹೈದರಾಬಾದ ಸಂಸ್ಥಾನದಲ್ಲಿದ್ದಿತು. ಹೀಗೆ ಗಾಣದ ಗಚ್ಚು ಹಿಂದೆ ಸರಿದು ಚೀಲದ ಸಿಮೆಂಟು ಮುಂದೆ ಬಂದಿತು.

ಸಿಮೆಂಟು ಒಣಗಿ ಗಟ್ಟಿಯಾಗುವದೆಂದು ಜನರು ಸಾಮಾನ್ಯವಾಗಿ ತಿಳಿಯುವರು. ಇದು ತಪ್ಪು. ಸಿಮೆಂಟು ನೀರನ್ನು ಕುಡಿದು, ಅದರೊಡನೆ ಒಂದಾಗಿ ಗಟ್ಟಿಯಾಗುವದು. ತನ್ನ ತೂಕದ ಸುಮಾರು ಕಾಲು ಪಾಲು ನೀರನ್ನು ಅದು ತನ್ನೊಳಗೆ ಕರಗಿಸಿಕೊಳ್ಳುವದು. ಆದುದರಿಂದಲೇ ಗೌಂಡಿಗಳು ಹೊಸ ಕಟ್ಟಡಕ್ಕೆ ದಿನಗಟ್ಟಲೆ ನೀರುಣಿಸುವರು. ಬಿಸಿಲಿಗೆ ಬೇಗನೆ ಒಣಗಿದರೆ ಆ ಕಾರ್ಯವು ನಡುವೆಯೇ ನಿಂತುಹೋಗಿ, ಎಷ್ಟೋ ಕಣಗಳ ತಿರುಳು ನೀರು ಕಾಣದೆ ಹಾಗೆಯೇ ಉಳಿಯುವದು. ಉಳಿದ ಈ ತಿರುಳು ಸತ್ತುದಲ್ಲ, ಮಲಗಿದುದು. ವರ್ಷಗಳ ತರುವಾಯ ನೀರು ಒಳಗೆ ಇಳಿದರೆ ಅದು ಎಚ್ಚತ್ತು, ನಿಂತಿದ್ದ ಕಾರ್ಯವನ್ನು ಮತ್ತೆ ಮುಂದುವರಿಸುವದು. ಕೂದಲೆಳೆಯಂಥ ಸಣ್ಣ ಬಿರುಕುಗಳು ತೇವದಲ್ಲಿ ತಾವಾಗಿಯೇ ಮುಚ್ಚಿಕೊಳ್ಳುವದು ಇದರಿಂದಲೇ. ಒಳಗಿನ ಸುಣ್ಣವು ಕರಗಿ ಬಿರುಕಿನ ಬಾಯಲ್ಲಿ ಗಾಳಿಯ ಸಂಗದಿಂದ ಮತ್ತೆ ಕಲ್ಲಾಗುವದೂ ಇದಕ್ಕೆ ಸಹಾಯವಾಗುವದು. ಹಿಂದಿನ ಕಾಲದ ಸಿಮೆಂಟಿನ ಕಣಗಳು ದಪ್ಪವಾಗಿದ್ದುದರಿಂದ ಅದರಲ್ಲಿ ಈ ಕಾದಿಟ್ಟ ಬಂಡವಾಳವು ಹೆಚ್ಚು. ಇಂದಿನ ನುಣುಪಾದ ಸಿಮೆಂಟು ಬೇಗನೆ ಬಲ ತೋರಿಸಿದರೂ ಮುಂದಿನ ಕಾಲಕ್ಕೆ ಉಳಿಸಿಡುವದು ಕಡಿಮೆ.

ಇದು ನೀರಿನ ಉಪಕಾರವಾಯಿತು. ಅಪಕಾರವೂ ಅದರಿಂದಲೇ ಉಂಟು. ಗಟ್ಟಿಯಾದ ಸಿಮೆಂಟಿನೊಳಗೆ ಸುಮಾರು ಐದನೆಯ ಒಂದು ಪಾಲಿನಷ್ಟು ಕರಗತಕ್ಕ ಸುಣ್ಣವು ಉಳಿದಿರುವದು. ನೀರು ಒಂದೆಡೆ ನಿಂತರೆ ಸುಣ್ಣದಿಂದ ತಣಿದು ಸುಮ್ಮನಾಗುವದು. ಸಂದಿನಲ್ಲಿ ಹಾಯ್ದುಹೋಗುವ ಮೆದು ನೀರಾದರೋ, ವಿಶೇಷವಾಗಿ ಮಳೆಯ ನೀರು, ಪ್ರತಿಸಲವೂ ಒಂದಿಷ್ಟು ಸುಣ್ಣವನ್ನು ಕದ್ದೊಯ್ಯುವದು. ಸೋರುವ ಮಾಳಿಗೆಯ ಕೆಳಗೆ ಇಳಿಬೀಳುವ ಬಿಳಿಯ ಜಡೆಗಳು ಹೀಗೆ ಕಳುವಾದ ಸುಣ್ಣವೇ ಸರಿ. ಇದಲ್ಲದೆ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಕಾಯುವದೂ ಆ ಸುಣ್ಣದ ಕ್ಷಾರವೇ. ಗಾಳಿ ನೀರುಗಳು ಕೂಡಿ ಆ ಕಾವಲನ್ನು ಮುರಿದಾಗ ಕಬ್ಬಿಣವು ತುಕ್ಕು ಹಿಡಿಯುವದು. ತುಕ್ಕು ತನ್ನ ಮೂಲ ಲೋಹಕ್ಕಿಂತ ಇಮ್ಮಡಿಗೂ ಮಿಕ್ಕಿ ಉಬ್ಬಿ ಮೇಲಿನ ಪದರವನ್ನು ಒಡೆಯುವದು.

ಅಫಜಲಪುರ ತಾಲೂಕಿನ ಸೊನ್ನದ ಬಳಿಯ ಭೀಮಾ ಬ್ಯಾರೇಜು, ಆಳಂದ ತಾಲೂಕಿನ ಕೊರಳ್ಳಿಯ ಬಳಿಯ ಅಮರ್ಜಾ ಜಲಾಶಯ, ಜೇವರ್ಗಿಯ ದಾರಿಯಲ್ಲಿ ಕಟ್ಟಿಸಂಗಾವಿಯ ಸೇತುವೆ ಇವುಗಳನ್ನು ನೋಡುವವರು ನೀರಿನೊಳಗೆ ಮುಳುಗಿದ ಭಾಗವೇ ಮೊದಲು ಕೆಡುವದೆಂದು ಊಹಿಸಬಹುದು. ಶಾಸ್ತ್ರವು ಹೇಳುವದು ಬೇರೆ. ಇಂಥ ರಚನೆಗಳಲ್ಲಿ ಸದಾ ಮುಳುಗಿರುವ ಕಾಂಕ್ರೀಟಿಗೆ ಗಾಳಿಯು ಸಾಲದಾದುದರಿಂದ ಅಲ್ಲಿಯ ಕಬ್ಬಿಣಕ್ಕೆ ತುಕ್ಕು ನಿಧಾನ. ಒಮ್ಮೆ ನೆನೆದು ಒಮ್ಮೆ ಒಣಗುವ ಪಟ್ಟಿಯಲ್ಲಿಯೇ ಹೆಚ್ಚಿನ ಭಯವಿರುವದು. ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುವ ಆ ಭಾಗಕ್ಕೆ ವಿಶ್ರಾಂತಿಯೆಂಬುದಿಲ್ಲ. ನಾಲ್ಕು ತಿಂಗಳು ಮಳೆ, ಉಳಿದ ಕಾಲವೆಲ್ಲ ಬಿಸಿಲು ಎಂಬ ಈ ಸೀಮೆಯ ಮಾಳಿಗೆಗಳಿಗೂ ಗೋಡೆಯ ಬುಡಗಳಿಗೂ ಇದೇ ಅವಸ್ಥೆಯಾಗಿದೆ. ಎರೆಭೂಮಿಯು ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಬಾಯಿಬಿಟ್ಟು ತಳಪಾಯವನ್ನು ಅಲುಗಿಸುವದು; ಕೆಲವು ಕಡೆ ನೆಲದ ನೀರಿನಲ್ಲಿಯ ಗಂಧಕದ ಲವಣಗಳು ಸಿಮೆಂಟಿನೊಡನೆ ಕೂಡಿ ಒಳಗಿನಿಂದಲೇ ಉಬ್ಬಿಸುವವು.

1950ಕ್ಕೆ ಮೊದಲು ಕಟ್ಟಿದ ಮಠಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯು ಅವಶ್ಯವಾಗಿದೆ. ಅವುಗಳಲ್ಲಿ ಅನೇಕ ಗೋಡೆಗಳು ಹೊರಗೆ ಕಲ್ಲು, ಒಳಗೆ ಮಣ್ಣು ಸುಣ್ಣಗಳ ಗರ್ಭವುಳ್ಳವು. ಇಂಥ ಗೋಡೆಯು ನೆಲದ ತೇವವನ್ನು ಹೀರಿ, ಸುಣ್ಣದ ಗಿಲಾವಿನ ಸೂಕ್ಷ್ಮ ರಂಧ್ರಗಳ ಮೂಲಕ ಹೊರಗೆ ಬಿಡುತ್ತ ಉಸಿರಾಡುವದು. ಭಕ್ತಿಯಿಂದಲೇ ಯಾರಾದರೂ ಅದರ ಮೇಲೆ ಬಿಗಿಯಾದ ಸಿಮೆಂಟಿನ ಗಿಲಾವನ್ನು ಬಳಿಸಿದರೆ ಆ ಉಸಿರು ಕಟ್ಟುವದು. ಒಳಗೆ ಸಿಕ್ಕ ನೀರು ಮೇಲೇರಿ ಸವಳನ್ನು ಹುಟ್ಟಿಸುವದು. ಹೊರಗೆ ಹೊಸತಾಗಿ ಕಾಣುವ ಗೋಡೆಯು ಒಳಗೆ ಪುಡಿಯಾಗುವದು. 2020ರ ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರ ಬಂದು ಅಫಜಲಪುರ, ಜೇವರ್ಗಿ ತಾಲೂಕುಗಳ ಅನೇಕ ಗ್ರಾಮಗಳೊಳಗೆ ನೀರು ಹೊಕ್ಕಿತು. ಅಂಥ ಪೂರ ಇಳಿದ ಕೂಡಲೆ ಗೋಡೆಗಳನ್ನು ಸಿಮೆಂಟಿನಿಂದ ಮುಚ್ಚುವದು ಗಾಯದೊಳಗೆ ಕೀವನ್ನಿಟ್ಟು ಪಟ್ಟಿ ಕಟ್ಟಿದಂತೆ. ದಪ್ಪನಾದ ಗೋಡೆಯು ಒಳಗಿನವರೆಗೆ ಆರಲು ತಿಂಗಳುಗಳೇ ಬೇಕಾಗುವವು. ಅಲ್ಲಿಯ ವರೆಗೆ ಗಾಳಿಗೆ ಬಿಟ್ಟು, ತರುವಾಯ ಸುಣ್ಣದಿಂದ ಕಟ್ಟಿದ್ದನ್ನು ಸುಣ್ಣದಿಂದಲೇ ತಿದ್ದುವದು ಯೋಗ್ಯ ಮಾರ್ಗವು.

ಇಷ್ಟರಿಂದ ತಿಳಿಯತಕ್ಕದ್ದೇನೆಂದರೆ, ಕಟ್ಟಡಕ್ಕೆ ನೀರು ಶತ್ರುವೂ ಅಲ್ಲ, ಕೇವಲ ಮಿತ್ರನೂ ಅಲ್ಲ. ಒಳಗಿನ ತಿರುಳನ್ನು ಎಬ್ಬಿಸುವ ನೀರು ತಾಯಿ; ಸುಣ್ಣವನ್ನು ಹೊತ್ತು ಹಾಯುವ ನೀರು ಕಳ್ಳ; ಹೊರಬೀಳಲು ದಾರಿ ಕಾಣದೆ ಒಳಗೆ ಸಿಕ್ಕಿಬಿದ್ದ ನೀರು ಮನೆಮುರುಕ. ಆದುದರಿಂದ ಮಾಳಿಗೆಯ ಇಳಿಜಾರು ಸರಿಯಾಗಿರಲಿ, ಹರನಾಳಗಳು ತೆರೆದಿರಲಿ, ಗೋಡೆಯ ಬುಡದಲ್ಲಿ ನೀರು ನಿಲ್ಲದಿರಲಿ. ನೀರು ಬರುವ ದಾರಿಯನ್ನು ಮುಚ್ಚುವದಕ್ಕಿಂತ ಮೊದಲು ಅದು ಹೋಗುವ ದಾರಿಯನ್ನು ವಿಚಾರಿಸತಕ್ಕದ್ದು. ಹಿರಿಯರು ಗಾಣದಲ್ಲಿ ಅರೆದ ಗಚ್ಚು ಇಂದಿಗೂ ನಿಂತಿರುವದು ಅವರು ಅದನ್ನು ತಾಳ್ಮೆಯಿಂದ ಮಾಡಿದುದರಿಂದ. ಮುಂದೆಯೂ ನಿಲ್ಲಬೇಕಾದರೆ ಇಂದಿನವರು ಅದನ್ನು ಅಷ್ಟೇ ತಾಳ್ಮೆಯಿಂದ ಕಾಯ್ದುಕೊಳ್ಳುವದು ಅಗತ್ಯವು.