ನಮ್ಮ ಕಡೆ ತಿರುಗಿಯೂ ನೋಡದ ದೇವರುಗಳು

ನಮ್ಮ ಹಳ್ಳಿಗಳ ದೆವ್ವಗಳಿಗೆ ಒಂದು ಒಳ್ಳೆಯ ಗುಣವಿದೆ. ಅವಕ್ಕೆ ಮನುಷ್ಯರು ಬೇಕು. ಬಾವಿಗೆ ಬಿದ್ದು ಸತ್ತ ಸೊಸೆ ಅತ್ತೆಯ ಮೈಮೇಲೆ ಬರುತ್ತಾಳೆ, ಹುಣಸೆಮರದ ಪಿಶಾಚಿ ಕೋಳಿ ಕೇಳುತ್ತದೆ, ಮಂತ್ರವಾದಿ ಬಂದು ಚೌಕಾಸಿಗೆ ಕೂರುತ್ತಾನೆ. ಹೆದರಿಕೆ ಇರುವುದು ನಿಜ, ಜೊತೆಗೆ ಒಂದು ವ್ಯವಹಾರವೂ ಇದೆ. ಇಂಗ್ಲೆಂಡಿನ ಗಾಥಿಕ್ ಕಥೆಗಳ ಪ್ರೇತಗಳೂ ಇದೇ ಜಾತಿಯವು. ಆ ಪರಂಪರೆಗೆ ನಾಂದಿ ಹಾಡಿದ ಹೊರೇಸ್ ವಾಲ್‌ಪೋಲ್‌ನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ (1764) ಕಾದಂಬರಿಯಲ್ಲಿ ಅಷ್ಟೆಲ್ಲ ಅಲೌಕಿಕ ಗದ್ದಲ ಎದ್ದದ್ದು ಯಾರೋ ಕಬಳಿಸಿದ ಆಸ್ತಿ ನ್ಯಾಯವಾದ ವಾರಸುದಾರನಿಗೆ ಸೇರಲಿ ಎಂದು. ದೆವ್ವಕ್ಕೆ ನಮ್ಮ ಮೇಲೆ ಸಿಟ್ಟಿದೆ ಎಂದರೆ ನಾವು ಅದರ ಲೆಕ್ಕದಲ್ಲಿದ್ದೇವೆ ಎಂದೇ ಅರ್ಥ.

ಕಾಸ್ಮಿಕ್ ಹಾರರ್ ಎಂಬ ಕಥಾಪ್ರಕಾರ ಈ ಲೆಕ್ಕದ ಪುಸ್ತಕವನ್ನೇ ಹರಿದುಹಾಕಿತು. ಇಲ್ಲಿ ಎದುರಾಗುವುದಕ್ಕೆ ನಮ್ಮ ಮೇಲೆ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ನಾವು ಇದ್ದೇವೆ ಎಂಬುದನ್ನೇ ಅದು ಗಮನಿಸಿರುವುದಿಲ್ಲ. ದುಡ್ಡು ಕೊಟ್ಟು ಇಂಥದನ್ನು ಓದುವವರು ನೂರು ವರ್ಷಗಳಿಂದ ಹೆಚ್ಚುತ್ತಲೇ ಇದ್ದಾರೆ. ಯಾಕಿರಬಹುದು?

ಕಾಣದ್ದಕ್ಕೆ ಹೆದರುವುದು ಹಳೆಯ ಸಂಗತಿ, ಅದರ ಶಾಸ್ತ್ರವೂ ಹಳೆಯದೇ. ಎಡ್ಮಂಡ್ ಬರ್ಕ್ 1757ರಲ್ಲಿ, ಇನ್ನೂ 28ರ ಹರೆಯದಲ್ಲಿ ಪ್ರಕಟಿಸಿದ ಭವ್ಯತೆಯ ಮೀಮಾಂಸೆಯಲ್ಲಿ, ವಸ್ತುವೊಂದು ಭಯಂಕರವಾಗಬೇಕಾದರೆ ಅದು ಅಸ್ಪಷ್ಟವಾಗಿರಬೇಕು ಎಂದು ವಾದಿಸಿದ. ಪ್ರಾಚೀನ ದೇಗುಲಗಳ ಕತ್ತಲೆಯನ್ನೇ ಉದಾಹರಣೆಯಾಗಿ ಕೊಟ್ಟ. ಗರ್ಭಗುಡಿಯ ಮುಂದೆ ಕಣ್ಣು ಕಿರಿದಾಗಿಸಿ ನಿಂತು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬರ್ಕ್‌ನ ಕತ್ತಲೆಯೊಳಗೆ ಇನ್ನೂ ದೇವರಿದ್ದಾನೆ. ಅವನನ್ನು ಅಲ್ಲಿಂದ ತೆರವು ಮಾಡಿಸಿದ್ದು ಮುಂದಿನ ಶತಮಾನದ ವಿಜ್ಞಾನ. ಭೂಮಿಯ ವಯಸ್ಸು ಕೋಟಿಗಳಿಗೆ ಏರಿತು. 1859ರಲ್ಲಿ ಡಾರ್ವಿನ್ ಮನುಷ್ಯನನ್ನು ಸೃಷ್ಟಿಯ ತುದಿಯಿಂದ ಇಳಿಸಿ ಒಂದು ಕೊಂಬೆಯ ಮೇಲೆ ಕೂರಿಸಿದ. 1895ರಲ್ಲಿ ಎಕ್ಸ್-ರೇ, 1898ರಲ್ಲಿ ರೇಡಿಯಂ ಪತ್ತೆಯಾದವು. ಕಣ್ಣಿಗೆ ಬೀಳದ, ಗೋಡೆಗೆ ಜಗ್ಗದ, ಮೈಯೊಳಗೇ ಹಾದುಹೋಗುವ ಸಂಗತಿಗಳು ಸುತ್ತಲೂ ಇವೆ ಎಂದು ಪ್ರಯೋಗಾಲಯಗಳೇ ಸಾರಿದ ಮೇಲೆ ಭೂತಬಂಗಲೆ ತುಸು ಸಪ್ಪೆಯಾಗಲೇಬೇಕಿತ್ತು.

ಆ ದಶಕದ ಕಥೆಗಾರರು ಇದನ್ನು ಬೇಗ ಗ್ರಹಿಸಿದರು. ಆಂಬ್ರೋಸ್ ಬಿಯರ್ಸ್ 1893ರ ಒಂದು ಕಥೆಯಲ್ಲಿ, ಮನುಷ್ಯನ ಕಣ್ಣು ಹಿಡಿಯಲಾರದ ಬಣ್ಣವುಳ್ಳ ಒಂದು ಪ್ರಾಣಿಯನ್ನು ತಂದ. ಗಾಳಿಯೇ ಇಲ್ಲದೆ ಕಾಡು ಓಟ್ಸ್ ಬಾಗುತ್ತಾ ಬರುವುದಷ್ಟೇ ಅಲ್ಲಿ ಕಾಣುವುದು. ಎಚ್. ಜಿ. ವೆಲ್ಸ್‌ನ ‘ದಿ ಟೈಮ್ ಮಷೀನ್’ (1895) ಕಡೆಗೆ ಸೂರ್ಯ ಕೆಂಪಾಗಿ ಆರುತ್ತಿರುವ, ಮನುಷ್ಯರ ಸುಳಿವೇ ಇಲ್ಲದ ಕಡಲತೀರಕ್ಕೆ ನಮ್ಮನ್ನು ಒಯ್ಯುತ್ತದೆ. ಆರ್ಥರ್ ಮಾಕೆನ್, ರಾಬರ್ಟ್ ಚೇಂಬರ್ಸ್ ಇದೇ ಕಾಲದವರು. ಇವರೆಲ್ಲರಿಗಿಂತ ನನಗೆ ಆಲ್ಜರ್ನನ್ ಬ್ಲ್ಯಾಕ್‌ವುಡ್ ಮುಖ್ಯನೆನಿಸುತ್ತಾನೆ. ಅವನ ‘ದಿ ವಿಲೋಸ್’ (1907) ಕಥೆಯಲ್ಲಿ ಇಬ್ಬರು ಗೆಳೆಯರು ದೋಣಿ ಹತ್ತಿ ಡ್ಯಾನ್ಯೂಬ್ ನದಿಯಲ್ಲಿ ಹೊರಟು, ಪ್ರವಾಹದ ನಡುವಿನ ಒಂದು ಮರಳು ದಿಬ್ಬದಲ್ಲಿ ರಾತ್ರಿ ಕಳೆಯುತ್ತಾರೆ. ಆಗುವುದೇನೂ ದೊಡ್ಡದಲ್ಲ. ಒಂದು ಹುಟ್ಟು ಕಾಣೆಯಾಗುತ್ತದೆ. ದೋಣಿಯ ತಳದಲ್ಲಿ ಸೀಳು ಕಾಣಿಸುತ್ತದೆ. ಮರಳಲ್ಲಿ ಆಲಿಕೆಯ ಆಕಾರದ ಕುಳಿಗಳು ಏಳುತ್ತವೆ. ಸುತ್ತಲಿನ ಪೊದೆಗಳು ನಿನ್ನೆಗಿಂತ ಹತ್ತಿರ ಬಂದಿವೆಯೋ ಏನೋ. ತಾವು ಕಾಲಿಟ್ಟದ್ದು ಬೇರೆ ಯಾವುದೋ ಲೋಕದ ಗಡಿಗೆ, ಅಲ್ಲಿಯವರಿಗೂ ಮನುಷ್ಯರಿಗೂ ಯಾವ ಸಂಬಂಧವೂ ಇಲ್ಲ ಎಂಬುದು ಅವರಿಗೆ ನಿಧಾನಕ್ಕೆ ಹೊಳೆಯುತ್ತದೆ. ರಾಕ್ಷಸನಿಲ್ಲ, ರಕ್ತವಿಲ್ಲ. ಆದರೂ ಹೊಳೆದಂಡೆಯ ಪೊದೆಗಳನ್ನು ಆಮೇಲೆ ಹಿಂದಿನ ಹಾಗೆ ನೋಡಲಾಗುವುದಿಲ್ಲ.

ಈ ಪ್ರಕಾರಕ್ಕೆ ಸಿದ್ಧಾಂತದ ಬೆನ್ನೆಲುಬು ಕೊಟ್ಟವನು ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಿನ ಎಚ್. ಪಿ. ಲವ್‌ಕ್ರಾಫ್ಟ್ (1890–1937). ತಂದೆಯೂ ತಾಯಿಯೂ ಬೇರೆ ಬೇರೆ ಕಾಲಕ್ಕೆ ಊರಿನ ಒಂದೇ ಮಾನಸಿಕ ಆಸ್ಪತ್ರೆ ಸೇರಿ ಅಲ್ಲೇ ತೀರಿಕೊಂಡವರು. ಹೈಸ್ಕೂಲು ಮುಗಿಸದ ಹುಡುಗನಿಗೆ ಖಗೋಳದ ಹುಚ್ಚು. ಹದಿನಾರಕ್ಕೇ ಸ್ಥಳೀಯ ಪತ್ರಿಕೆಗೆ ಆಕಾಶದ ಬಗ್ಗೆ ಅಂಕಣ ಬರೆಯುತ್ತಿದ್ದ. 1924–25ರ ಸುಮಾರಿಗೆ ಎಡ್ವಿನ್ ಹಬಲ್, ಆಂಡ್ರೊಮೀಡಾ ಎಂಬುದು ನಮ್ಮ ಕ್ಷೀರಪಥದ ಆಚೆಗಿರುವ ಇನ್ನೊಂದು ನಕ್ಷತ್ರಪುಂಜ ಎಂದು ತೋರಿಸಿಕೊಟ್ಟ. ವಿಶ್ವ ಇದ್ದಕ್ಕಿದ್ದಂತೆ ಊಹೆಗೆ ಮೀರಿ ಹಿಗ್ಗಿತು. ಲವ್‌ಕ್ರಾಫ್ಟ್ ‘ದಿ ಕಾಲ್ ಆಫ್ ಕ್ಥುಲು’ ಬರೆದದ್ದು 1926ರಲ್ಲಿ. ಅದು ‘ವಿಯರ್ಡ್ ಟೇಲ್ಸ್’ ಪತ್ರಿಕೆಯಿಂದ ಒಮ್ಮೆ ತಿರಸ್ಕಾರಗೊಂಡು, ಮತ್ತೆ ಹೋಗಿ, 1928ರ ಫೆಬ್ರುವರಿಯಲ್ಲಿ ಅಚ್ಚಾಯಿತು. ಎರಡನೇ ಸಲ ಕಳಿಸುವಾಗ ಸಂಪಾದಕರಿಗೆ ಬರೆದ ಕಾಗದದಲ್ಲಿ ಅವನು ತನ್ನ ನಿಲುವನ್ನು ನೇರವಾಗಿ ಹೇಳಿಕೊಂಡಿದ್ದಾನೆ: ಮನುಷ್ಯರ ಕಾನೂನು, ಆಸೆ, ಭಾವನೆಗಳಿಗೆ ಈ ಮಹಾವಿಶ್ವದಲ್ಲಿ ಕವಡೆಕಾಸಿನ ಬೆಲೆಯೂ ಇಲ್ಲ, ತನ್ನ ಕಥೆಗಳೆಲ್ಲ ನಿಂತಿರುವುದು ಈ ನಂಬಿಕೆಯ ಮೇಲೆ. ವಿಜ್ಞಾನದ ಸುದ್ದಿಯನ್ನು ಅವನು ಎಷ್ಟು ಬಿಸಿಬಿಸಿಯಾಗಿ ಬಳಸುತ್ತಿದ್ದ ಎಂದರೆ, 1930ರಲ್ಲಿ ಪ್ಲೂಟೊ ಪತ್ತೆಯಾದಾಗ ಕೈಯಲ್ಲಿದ್ದ ಕಥೆಯೊಳಕ್ಕೇ ಅದನ್ನು ಎಳೆದುಕೊಂಡು, ತನ್ನ ಅನ್ಯಲೋಕದ ಜೀವಿಗಳ ಠಾಣೆ ಮಾಡಿಬಿಟ್ಟ.

ಕ್ಥುಲು ಅವನ ಅತಿ ಪ್ರಸಿದ್ಧ ಸೃಷ್ಟಿ. ಅತ್ಯುತ್ತಮ ಸೃಷ್ಟಿ ಎಂದು ಒಪ್ಪುವುದು ಕಷ್ಟ. ಯುಗಯುಗಗಳಿಂದ ಸಾಗರದಡಿ ಮಲಗಿದ್ದ ಮಹಾದೇವತೆ ಎದ್ದು ಬಂದಾಗ ಒಬ್ಬ ನಾವಿಕ ಉಗಿದೋಣಿಯಿಂದ ಗುದ್ದಿ ಪಾರಾಗುತ್ತಾನೆ. ಗುದ್ದಿಸಿಕೊಂಡದ್ದು ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ ಎನ್ನಿ, ಆದರೂ ಓದುಗನಿಗೆ ನಗು ಬಂದರೆ ತಪ್ಪಿಲ್ಲ. ಅವನ ಶಕ್ತಿ ಪೂರ್ತಿ ಕಾಣುವುದು 1927ರ ‘ದಿ ಕಲರ್ ಔಟ್ ಆಫ್ ಸ್ಪೇಸ್’ ಕಥೆಯಲ್ಲಿ. ನೇಹಮ್ ಗಾರ್ಡ್ನರ್ ಎಂಬ ರೈತನ ಬಾವಿಯ ಹತ್ತಿರ ಉಲ್ಕೆ ಬೀಳುತ್ತದೆ. ಪ್ರೊಫೆಸರುಗಳು ಬಂದು ಚೂರು ಒಯ್ಯುತ್ತಾರೆ. ಆ ಕಲ್ಲು ತಣಿಯುವುದಿಲ್ಲ, ದಿನದಿನಕ್ಕೆ ಕುಗ್ಗುತ್ತದೆ, ವರ್ಣಪಟಲದಲ್ಲಿ ಹೆಸರಿಲ್ಲದ ಬಣ್ಣ ತೋರುತ್ತದೆ. ಸಿಡಿಲು ಬಡಿದು ಕಲ್ಲು ಮಾಯವಾದ ಮೇಲೆ ಕಥೆ ಶುರು. ಆ ವರ್ಷ ತೋಟದ ಹಣ್ಣು ಹಿಂದೆಂದೂ ಕಾಣದಷ್ಟು ದಪ್ಪ, ಬಾಯಿಗಿಟ್ಟರೆ ಕಹಿ. ಗಿಡಗಳು ಕತ್ತಲಲ್ಲಿ ಮಿನುಗುತ್ತವೆ. ದನಕರು, ಮನೆಮಂದಿ ಎಲ್ಲ ಬೂದಿಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ನೇಹಮ್ ಪಾಪ ಮಾಡಿದವನಲ್ಲ, ನಿಷಿದ್ಧ ಗ್ರಂಥ ಓದಿದವನಲ್ಲ. ಬಂದದ್ದಕ್ಕೆ ಹಸಿವಿತ್ತು, ತಿಂದಿತು, ಹೋಯಿತು. ಅದು ಯೋಚಿಸುತ್ತದೆಯೋ ಇಲ್ಲವೋ ಎಂಬುದು ಕೂಡ ತಿಳಿಯದು. ಇಷ್ಟನ್ನೂ ನಮಗೆ ಹೇಳುತ್ತಿರುವವನು ಆ ಕಣಿವೆಯಲ್ಲಿ ಜಲಾಶಯ ಕಟ್ಟಲು ಅಳತೆಗೆ ಬಂದ ಸರ್ವೇಯರ್. ಆ ನೀರನ್ನು ತಾನು ಕುಡಿಯಲಾರೆ ಎನ್ನುತ್ತಾನೆ. ನಗರ ಕುಡಿಯಲಿದೆ. ಈ ಕಥೆಗೆ ಲವ್‌ಕ್ರಾಫ್ಟ್‌ಗೆ ಸಿಕ್ಕ ಸಂಭಾವನೆ 25 ಡಾಲರ್, ಅದೂ ಕೇಳಿ ಕೇಳಿ ಸಾಕಾದ ಮೇಲೆ.

ಅವನು ಸತ್ತಾಗ ವಯಸ್ಸು 46. ಬದುಕಿದ್ದಾಗ ಬಂದ ಕಥಾಪುಸ್ತಕ ಒಂದೇ, ಬೈಂಡಾದದ್ದು 200ರಷ್ಟು ಪ್ರತಿ. ಆಗಸ್ಟ್ ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರಿ 1939ರಲ್ಲಿ ‘ಆರ್ಕಮ್ ಹೌಸ್’ ಪ್ರಕಾಶನ ಹುಟ್ಟುಹಾಕದಿದ್ದರೆ ಈ ಹೆಸರು ಹಳೆಯ ಪತ್ರಿಕೆಗಳ ಕಟ್ಟಿನಲ್ಲೇ ಗೆದ್ದಲು ಹಿಡಿಯುತ್ತಿತ್ತು. ಆದರೆ ಕಾಪಾಡಿದ ಡರ್ಲೆತ್‌ನೇ ಕೆಡಿಸಿದ ಕೂಡ. ಗುರುವಿನ ದೇವತೆಗಳನ್ನು ನಾಲ್ಕು ಭೂತತತ್ವಗಳ ಪ್ರಕಾರ ವಿಂಗಡಿಸಿ, ಒಳ್ಳೆಯವರು ಕೆಟ್ಟವರು ಎಂದು ಎರಡು ಪಕ್ಷ ಕಟ್ಟಿ, ದೇವಾಸುರ ಯುದ್ಧ ಮಾಡಿಸಿದ. ವಿಶ್ವಕ್ಕೆ ಮತ್ತೆ ನೀತಿ ಬಂತು. ಭಯ ಹೋಯಿತು.

ಈ ಪ್ರಕಾರದ ಮುಂದಿನ ಚರಿತ್ರೆಯೆಲ್ಲ ಹೆಚ್ಚುಕಡಿಮೆ ಹೀಗೇ ಇದೆ. ಅಜ್ಞಾತಕ್ಕೆ ಒಬ್ಬರು ಹೆಸರಿಡುತ್ತಾರೆ, ಇನ್ನೊಬ್ಬರು ವಂಶಾವಳಿ ಬರೆಯುತ್ತಾರೆ, ಮೂರನೆಯವರು ಬೊಂಬೆ ಮಾಡಿ ಮಾರುತ್ತಾರೆ. ಕ್ಥುಲುವಿನ ಮೆತ್ತನೆ ಆಟಿಕೆಯನ್ನು ತಬ್ಬಿಕೊಂಡು ಮಲಗುವ ಮಕ್ಕಳು ಇಂದು ಇದ್ದಾರೆ. ಆಗ ನಿಜವಾದ ಬರಹಗಾರರು ಗಂಟುಮೂಟೆ ಕಟ್ಟಿ ಬೇರೆ ಕಡೆ ಹೋಗಬೇಕಾಗುತ್ತದೆ. 1981ರ ‘ಕಾಲ್ ಆಫ್ ಕ್ಥುಲು’ ಎಂಬ ಪಾತ್ರಾಭಿನಯದ ಆಟ ಮಾತ್ರ ಈ ಇಕ್ಕಟ್ಟನ್ನು ಜಾಣತನದಿಂದ ದಾಟಿತು. ಸ್ಯಾಂಡಿ ಪೀಟರ್ಸನ್ ರೂಪಿಸಿದ ಅದರಲ್ಲಿ ಆಟಗಾರನಿಗೆ ಮನಸ್ಸಿನ ಸ್ಥಿಮಿತಕ್ಕೂ ಅಂಕಗಳಿವೆ, ಹೆಚ್ಚು ತಿಳಿದಷ್ಟೂ ಆ ಅಂಕ ಇಳಿಯುತ್ತದೆ. ಬೇರೆ ಆಟಗಳಲ್ಲಿ ಜ್ಞಾನ ಅಸ್ತ್ರ, ಇಲ್ಲಿ ಅದೇ ಗಾಯ.

ಹೊಸ ನೆಲವನ್ನು ಕಂಡವರಲ್ಲಿ ನನ್ನ ಮಟ್ಟಿಗೆ ಮೊದಲಿಗ ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್. ‘ಸೊಲಾರಿಸ್’ (1961) ಕಾದಂಬರಿಯಲ್ಲಿ ಗ್ರಹವೊಂದನ್ನು ಆವರಿಸಿದ ಸಮುದ್ರವೇ ಒಂದು ಜೀವಿ. ಅದನ್ನು ಅರಿಯಲು ಹೋದ ವಿಜ್ಞಾನಿಗಳು ತಲೆಮಾರುಗಳುದ್ದಕ್ಕೂ ಗ್ರಂಥಾಲಯ ತುಂಬುವಷ್ಟು ಬರೆದಿದ್ದಾರೆ, ಪಂಥಗಳಾಗಿ ಒಡೆದಿದ್ದಾರೆ, ಪರಸ್ಪರ ಖಂಡಿಸಿದ್ದಾರೆ. ಸಮುದ್ರ ಮಾತ್ರ ತನ್ನ ಪಾಡಿಗೆ ತಾನಿದೆ. ಲೆಮ್‌ನಲ್ಲಿ ಕಿರುಚಾಟವಿಲ್ಲ. ವಿಶ್ವವಿದ್ಯಾಲಯದ ಗೋಷ್ಠಿಗಳಲ್ಲಿ ಕೂತು ಬೇಸತ್ತವರಿಗೆ ಅಲ್ಲಿನ ವ್ಯಂಗ್ಯ ಇನ್ನಷ್ಟು ನಾಟುತ್ತದೆ. ಸಿನಿಮಾದವರು ರೂಪದ ಕಡೆಗೆ ಹೋದರು: ಎಚ್. ಆರ್. ಗೀಗರ್‌ನ ಕಲೆಯಿಂದ ಮೂಡಿದ ‘ಏಲಿಯನ್’ (1979), ಜಾನ್ ಕಾರ್ಪೆಂಟರ್‌ನ ‘ದಿ ಥಿಂಗ್’ (1982). ಎರಡನೆಯದು ತೆರೆಗೆ ಬಂದಾಗ ಮಕ್ಕಳ ಜೊತೆ ಸ್ನೇಹ ಬೆಳೆಸುವ ಸ್ಪೀಲ್‌ಬರ್ಗ್‌ನ ‘ಇ.ಟಿ.’ ಎರಡು ವಾರ ಮೊದಲೇ ಬಂದು ಕೂತಿತ್ತು. ಪ್ರೇಕ್ಷಕರು ಯಾವ ಅನ್ಯಗ್ರಹವಾಸಿಯನ್ನು ಆರಿಸಿಕೊಂಡರು ಎಂದು ಹೇಳಬೇಕಾಗಿಲ್ಲ. ಜಪಾನಿನ ಜುಂಜಿ ಇಟೊ 1998ರಲ್ಲಿ ಆರಂಭಿಸಿದ ‘ಉಜುಮಾಕಿ’ ಚಿತ್ರಕಥೆಯಲ್ಲಿ ಊರೊಂದನ್ನು ಕಾಡುವುದು ಬರಿಯ ಸುರುಳಿ ಆಕಾರ. ಚೀನಾದ ಲಿಯು ಸಿಕ್ಸಿನ್ 2008ರ ಕಾದಂಬರಿಯಲ್ಲಿ ವಿಶ್ವವನ್ನೇ ಕತ್ತಲ ಕಾಡಾಗಿಸಿ, ಸದ್ದು ಮಾಡಿದವನು ಸತ್ತ ಎಂದ. ಜೆಫ್ ವ್ಯಾಂಡರ್‌ಮಿಯರ್‌ನ ‘ಅನೈಹಿಲೇಷನ್’ (2014) ಅಜ್ಞಾತವನ್ನು ನಕ್ಷತ್ರಗಳಿಂದ ಇಳಿಸಿ ಕರಾವಳಿಯ ಜೌಗುಭೂಮಿಗೆ ತಂದಿದೆ.

ಇದರಲ್ಲಿ ರುಚಿ ಏನು ಎಂಬ ಪ್ರಶ್ನೆಗೆ ಪ್ರಯೋಗಾಲಯಗಳೂ ಉತ್ತರ ಹುಡುಕಿವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು. ಕಂಪ್ಯೂಟರ್ ಪರದೆಯ ಮೇಲೆ ಕಲ್ಲುಗಳಿವೆ, ಯಾವುದರ ಕೆಳಗೆ ಹಾವಿದೆ ಎಂದು ಊಹಿಸಬೇಕು. ಹಾವು ಬಂದರೆ ಕೈಗೆ ನೋವಾಗುವಷ್ಟು ಕರೆಂಟು. ಶಾಕ್ ಖಂಡಿತ ಹೊಡೆಯುತ್ತದೆ ಎಂದು ಗೊತ್ತಿದ್ದವರಿಗಿಂತ, ಹೊಡೆಯಬಹುದು ಅಥವಾ ಬಿಡಬಹುದು ಎಂಬ ಶೇಕಡಾ 50ರ ಅನುಮಾನದಲ್ಲಿದ್ದವರು ಹೆಚ್ಚು ಬೆವೆತರು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಮಥಿಯಾಸ್ ಕ್ಲಾಸೆನ್ ಮತ್ತು ಸಂಗಡಿಗರು ಕಾಸು ಕೊಟ್ಟು ಹೊಗುವ ಭೂತಬಂಗಲೆಯಲ್ಲಿ ಜನರ ಎದೆಬಡಿತ ಅಳೆದು, ಭಯ ತೀರಾ ಕಡಿಮೆಯೂ ಆಗದೆ ತೀರಾ ಹೆಚ್ಚೂ ಆಗದೆ ಇದ್ದಾಗ ಮಜಾ ಜಾಸ್ತಿ ಎಂದು ಕಂಡುಕೊಂಡರು. ಸರಿಯೇ. ಆದರೆ ಹಾವಿನ ಭಯವೂ ವಿಶ್ವದ ಭಯವೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಎರಡನೆಯದರಲ್ಲಿ ಭಕ್ತಿಗೆ ಹತ್ತಿರದ ಏನೋ ಒಂದಿದೆ.

ಇದನ್ನು ಹಿಡಿದವನು ಜರ್ಮನಿಯ ಧರ್ಮಶಾಸ್ತ್ರಜ್ಞ ರುಡಾಲ್ಫ್ ಒಟ್ಟೊ. ಪವಿತ್ರದ ಮೂಲದಲ್ಲಿ ನಡುಕ ಮತ್ತು ಸೆಳೆತ ಎರಡೂ ಒಟ್ಟಿಗೇ ಇವೆ ಎಂದು 1917ರ ತನ್ನ ಗ್ರಂಥದಲ್ಲಿ ವಾದಿಸುತ್ತಾ ಅವನು ಭಗವದ್ಗೀತೆಯ ಹನ್ನೊಂದನೇ ಅಧ್ಯಾಯವನ್ನು ನೆನೆದ. ವಿಶ್ವರೂಪ ನೋಡಬೇಕೆಂದು ಹಟ ಹಿಡಿದ ಅರ್ಜುನ, ನೋಡಿದ ಮೇಲೆ ದಿಕ್ಕುಗೆಟ್ಟು, ಸಾಕು, ಮೊದಲಿನ ರೂಪಕ್ಕೇ ಬಾ ಎಂದು ಬೇಡಿಕೊಳ್ಳುತ್ತಾನೆ. ಕೃಷ್ಣ ಒಪ್ಪುತ್ತಾನೆ. ಲವ್‌ಕ್ರಾಫ್ಟ್‌ನ ಪಾತ್ರಗಳಿಗೆ ಆ ಸೌಲಭ್ಯವಿಲ್ಲ. ವಿಶ್ವರೂಪ ಮಾತ್ರ ಉಳಿದು, ಸಾರಥಿಯೇ ಇಲ್ಲದಿದ್ದರೆ ಏನಾಗುತ್ತದೋ ಅದೇ ಅವರ ಗತಿ. ಹಾಗೆಂದು ವಿಜ್ಞಾನದ ಆಳಕ್ಕೆ ಇಣುಕಿದವರೆಲ್ಲ ಹೆದರಲೇಬೇಕೆಂದೂ ಇಲ್ಲ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿ ಕೈಗೆ ಸಿಕ್ಕದೆ ಕಣಿವೆಗೆ ಹಾರಿದಾಗ ನಮಗಾಗುವುದು ಬೆರಗು. ಡಾರ್ವಿನ್ ಒಬ್ಬನೇ, ಕಾಲದ ಪ್ರಪಾತವೂ ಒಂದೇ, ಅದರ ಅಂಚಿನಲ್ಲಿ ಮೂಡಿಗೆರೆಯವರು ಒಂದು ಬಗೆಯಲ್ಲಿ ನಿಂತರು, ಪ್ರಾವಿಡೆನ್ಸಿನವನು ಇನ್ನೊಂದು ಬಗೆಯಲ್ಲಿ.

ಪ್ರಾವಿಡೆನ್ಸಿನವನು ಹಾಗೆ ನಿಂತದ್ದಕ್ಕೆ ಖಗೋಳವೊಂದೇ ಕಾರಣವಲ್ಲ. 1924ರಿಂದ 26ರವರೆಗೆ ಅವನು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ. ಅಲ್ಲಿನ ವಲಸಿಗರನ್ನೂ ಕಪ್ಪು ಜನರನ್ನೂ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕಾಗದಗಳಲ್ಲಿ ಅದನ್ನು ಹೊಲಸು ಭಾಷೆಯಲ್ಲಿ ಬರೆದಿದ್ದಾನೆ. ‘ದಿ ಹಾರರ್ ಅಟ್ ರೆಡ್ ಹುಕ್’ ಕಥೆಯ ಭಯವೆಲ್ಲ ಆ ಬೀದಿಗಳ ಜನರೇ. ಕಾಲಧರ್ಮ ಎಂದು ಇದನ್ನು ಬದಿಗೆ ಸರಿಸುವ ಅಭಿಮಾನಿಗಳ ಮಾತು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅಪರಿಚಿತದ ಬಗ್ಗೆ ಅವನಿಗಿದ್ದ ಅಸಹ್ಯವೇ ಅವನ ಒಳ್ಳೆಯ ಕಥೆಗಳಿಗೂ ಕಾವು ಕೊಟ್ಟಿದೆ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಗೆದ್ದವರಿಗೆ 1975ರಿಂದ ಕೊಡುತ್ತಿದ್ದದ್ದು ಅವನ ತಲೆಯ ಪ್ರತಿಮೆ. ನೈಜೀರಿಯಾ ಮೂಲದ ನೆಡಿ ಒಕೊರಾಫೊರ್ 2011ರಲ್ಲಿ ಅದನ್ನು ಗೆದ್ದು, ಮನೆಯಲ್ಲಿಟ್ಟುಕೊಳ್ಳುವುದು ಹೇಗೆ ಎಂದು ಬಹಿರಂಗವಾಗಿ ಕೇಳಿದರು. 2015ರಲ್ಲಿ ಪ್ರತಿಮೆಯನ್ನು ಕೈಬಿಡಲಾಯಿತು.

ಮರುವರ್ಷ ಬಂತು ವಿಕ್ಟರ್ ಲವಾಲ್ ಅವರ ಕಿರುಕಾದಂಬರಿ ‘ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್’. ರೆಡ್ ಹುಕ್ ಕಥೆಯನ್ನೇ ಅವರು ಹಾರ್ಲೆಮ್‌ನ ಕಪ್ಪು ಯುವಕ ಟಾಮಿ ಟೆಸ್ಟರ್‌ನ ಕಡೆಯಿಂದ ಹೇಳುತ್ತಾರೆ. ಅವನ ಅಪ್ಪ ಹಾಸಿಗೆಯಲ್ಲಿದ್ದಾಗ, ಕೈಯಲ್ಲಿದ್ದ ಗಿಟಾರನ್ನು ಬಂದೂಕೆಂದುಕೊಂಡೆ ಎಂದು ಬಿಳಿಯನೊಬ್ಬ ಗುಂಡು ಹಾರಿಸಿ ಕೊಲ್ಲುತ್ತಾನೆ. ಆಮೇಲೆ ಸಾಗರದಡಿ ಮಲಗಿರುವ ದೇವತೆಯ ಬಗ್ಗೆ ತಿಳಿದಾಗ ಟಾಮಿಗೆ ಲವ್‌ಕ್ರಾಫ್ಟ್‌ನ ನಾಯಕರಿಗಾದಂತೆ ಬುದ್ಧಿ ಕೆಡುವುದಿಲ್ಲ. ತನ್ನನ್ನು ಗಮನಿಸಿ, ತಡೆದು ನಿಲ್ಲಿಸಿ, ಜೇಬು ತಡಕುವ ಜಗತ್ತನ್ನು ಹುಟ್ಟಿನಿಂದ ಕಂಡವನು ಅವನು. ಯಾರನ್ನೂ ಗಮನಿಸದ ದೇವರು ಅವನಿಗೆ ಅದಕ್ಕಿಂತ ವಾಸಿ ಎನ್ನಿಸುತ್ತದೆ, ಬಾಗಿಲು ತೆರೆಯಲು ತಾನೇ ಮುಂದಾಗುತ್ತಾನೆ.