ನಮ್ಮ ಕೇರಿಗೆ ಸೈಕಲ್ಲು ಬಂದ ದಾರಿ



ಮೊದಲು ಒಂದು ಪ್ರಶ್ನೆ ಕೇಳ್ತೀನಿ. ಸೈಕಲ್ ಹತ್ತುವುದಕ್ಕೆ ಅಡ್ಡ ಬಂದವನನ್ನು ಜೈಲಿಗೆ ಕಳಿಸುವ ಕಾನೂನು ನಮ್ಮ ದೇಶದಲ್ಲಿ ಇದೆಯೋ ಇಲ್ಲವೋ? ಇದೆ. ನಾವೆಲ್ಲ ಬಾಯಲ್ಲಿ ಅಟ್ರಾಸಿಟಿ ಕಾಯ್ದೆ ಅಂತೀವಲ್ಲ, ಅದೇ. 1989ರಲ್ಲಿ ಆದ ಈ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂತು, 2016ರ ಜನವರಿ 26ರಿಂದ ಅದು ಜಾರಿಗೆ ಬಂತು. ಅದರ 3ನೇ ಕಲಮಿನಲ್ಲಿ ಹೊಸದಾಗಿ ಸೇರಿದ ಮಾತು ನೋಡ್ರಿ: ದಲಿತರು, ಆದಿವಾಸಿಗಳು ಸಾರ್ವಜನಿಕ ಜಾಗದಲ್ಲಿ ಸೈಕಲ್ಲೋ ಮೋಟಾರ್ ಸೈಕಲ್ಲೋ ಹತ್ತದಂತೆ, ಕಾಲಿಗೆ ಚಪ್ಪಲಿ ಮೆಟ್ಟದಂತೆ, ಹೊಸ ಬಟ್ಟೆ ಹಾಕದಂತೆ, ಮದುವೆ ಮೆರವಣಿಗೆಯಲ್ಲಿ ಕುದುರೆ ಏರದಂತೆ ಬೇರೆ ಜಾತಿಯವರು ತಡೆದರೆ ಅದು ದೌರ್ಜನ್ಯ. ಕಡಿಮೆ ಅಂದರೆ ಆರು ತಿಂಗಳು, ಹೆಚ್ಚು ಅಂದರೆ ಐದು ವರ್ಷ ಜೈಲು, ಮೇಲೆ ದಂಡ.

ಎಲ್ಲೂ ನಡೆಯದ ಕೆಲಸವನ್ನು ಯಾರೂ ಕಾನೂನು ಮಾಡಿ ತಡೆಯೋದಿಲ್ಲ. 2015ರಲ್ಲಿ, ಕೈಕೈಯಲ್ಲಿ ಮೊಬೈಲು ಬಂದ ಕಾಲದಲ್ಲಿ, ಪಾರ್ಲಿಮೆಂಟು ಕೂತು ಸೈಕಲ್ಲಿನ ಹೆಸರು ಬರೆಯಬೇಕಾಯಿತು ಅಂದರೆ ಅದರ ಹಿಂದೆ ಎಷ್ಟು ಊರಿನ ಎಷ್ಟು ಅಗಸಿಗಳು ಇರಬೇಕು, ನೀವೇ ಲೆಕ್ಕ ಹಾಕ್ರಿ.

ಎಪ್ಪತ್ತು ದಾಟಿದ ತಾತಂದಿರ ಹತ್ತಿರ ಕೂತು ಕೇಳಿದರೆ ಆ ಲೆಕ್ಕ ಸಿಗ್ತದೆ. ಹೊಲದ ದಾರಿಯಲ್ಲಿ ಹತ್ತಿಕೊಂಡು ಬರಬಹುದು. ಅಗಸಿ ಬಂದರೆ ಇಳೀಬೇಕು. ಚಪ್ಪಲಿ ಕೈಗೆ ತಗೋಬೇಕು, ಸೈಕಲ್ಲು ತಳ್ಳಿಕೊಂಡು ಚಾವಡಿ ದಾಟಬೇಕು, ಗೌಡರ ಓಣಿ ದಾಟಬೇಕು, ಆಮೇಲೆ ಹತ್ತಬೇಕು. ಇದಕ್ಕೆ ಕಾರಣ ಏನು ಅಂತ ನಾನು ಬಹಳ ದಿನ ಯೋಚನೆ ಮಾಡಿದ್ದೀನಿ. ಇಪ್ಪತ್ತೆಂಟು ಇಂಚಿನ ಗಾಲಿಯ ದೊಡ್ಡ ಸೈಕಲ್ಲು ಏರಿ ಕೂತರೆ ನಮ್ಮ ತಲೆ ಕಟ್ಟೆ ಮೇಲೆ ಕೂತವರ ತಲೆಗಿಂತ ಮೇಲೆ ಹೋಗ್ತದೆ. ಕಟ್ಟೆಯವರು ಕತ್ತೆತ್ತಿ ನೋಡಬೇಕಾಗ್ತದೆ. ಅಷ್ಟೇ ಸಂಗತಿ. ಗಾಲಿಯಿಂದ ಯಾರಿಗೂ ಮೈಲಿಗೆ ಆಗಿದ್ದಿಲ್ಲ, ಎತ್ತರದಿಂದ ಆಗಿತ್ತು.

ದಾರಿಯ ಮೇಲಿನ ಹಕ್ಕಿನ ಜಗಳ ಸೈಕಲ್ಲಿಗಿಂತ ಹಳೆಯದು. ಆಗ ನಮ್ಮ ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅದಕ್ಕೇ ನಮ್ಮ ಕಥೆಗೆ ಮದ್ರಾಸಿನ ಶಾಸನಸಭೆಯೂ ಬರ್ತದೆ. 1924ರಲ್ಲಿ ಅಲ್ಲಿ ರೆಟ್ಟಮಲೈ ಶ್ರೀನಿವಾಸನ್ ಅವರು ಒಂದು ಠರಾವು ತಂದರು: ಸಾರ್ವಜನಿಕ ರಸ್ತೆ, ಬೀದಿ, ಬಾವಿ ಯಾವ ಜಾತಿಯವರಿಗೂ ಮುಚ್ಚಿರಬಾರದು ಅಂತ. 1938ರಲ್ಲಿ ಎಂ.ಸಿ. ರಾಜಾ ಅವರ ಪ್ರಯತ್ನದಿಂದ ಮದ್ರಾಸಿನಲ್ಲಿ ಇದಕ್ಕೆ ಕಾಯ್ದೆಯ ಬಲ ಬಂತು. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆಯ ಜೊತೆಗೆ ರಸ್ತೆಯ ಹೆಸರೂ ಇದೆ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿನ ಕಡೆ ಹೋಯ್ತು, ನಾವು ಆಂಧ್ರದ ಕರ್ನೂಲು ಜಿಲ್ಲೆಗೆ ಸೇರಿದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಯ್ತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಪ್ರಾಂತ್ಯ ಬದಲಾಯ್ತು, ಜಿಲ್ಲೆ ಬದಲಾಯ್ತು, ಅಗಸಿ ಮಾತ್ರ ಇದ್ದಲ್ಲೇ ಇತ್ತು.

ಬಾಬಾಸಾಹೇಬರ ಬದುಕಿನಲ್ಲೂ ಗಾಲಿಯ ಎರಡು ಘಟನೆ ಇವೆ, ಅವರೇ ಬರೆದಿಟ್ಟಿದ್ದಾರೆ. 1901ರಲ್ಲಿ ಅವರಿನ್ನೂ ಹುಡುಗ. ಅಣ್ಣನ ಜೊತೆ ಅಪ್ಪನನ್ನು ನೋಡಲು ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಮಹಾರರ ಮಕ್ಕಳು ಅಂತ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ, ಆದರೆ ಗಾಡಿ ಹೊಡೆಯೋದು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬರ್ತಾನೆ. 1929ರಲ್ಲಿ, ದೊಡ್ಡ ದೊಡ್ಡ ಪದವಿ ತಗೊಂಡು ಸರ್ಕಾರದ ಸಮಿತಿಯ ಸದಸ್ಯರಾಗಿದ್ದಾಗ, ಚಾಳೀಸಗಾಂವಿನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಓಡಿಸಲು ಒಪ್ಪಲಿಲ್ಲ. ಟಾಂಗಾ ಬೇಕಾದರೆ ಒಯ್ಯಿರಿ ಅಂದರು. ಓಡಿಸಿ ಗೊತ್ತಿಲ್ಲದ ನಮ್ಮವನೇ ಒಬ್ಬ ಲಗಾಮು ಹಿಡಿದ. ಮೋರಿಯ ಮೇಲೆ ಗಾಲಿ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಇನ್ನೊಬ್ಬರ ಎತ್ತು, ಇನ್ನೊಬ್ಬರ ಕುದುರೆ, ಇನ್ನೊಬ್ಬರ ಮರ್ಜಿ. ಇದನ್ನು ಓದಿದ ಮೇಲೆ ಸೈಕಲ್ಲಿನ ಬೆಲೆ ಬೇರೆಯಾಗಿ ಕಾಣ್ತದೆ. ಅದಕ್ಕೆ ಎತ್ತು ಬೇಡ, ಮೇವು ಬೇಡ, ಹೊಡೆಯುವವನು ಬೇಡ. ಕಾಲು ನಮ್ಮದೇ.

ನಾವು ಇವತ್ತು ನೋಡುವ ಸೈಕಲ್ಲಿನ ಆಕಾರ 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ಲಿನಿಂದ ಬಂದದ್ದು. ಮೂರು ವರ್ಷಕ್ಕೆ ಡನ್ಲಪ್ ಗಾಳಿ ತುಂಬುವ ಟೈರು ತಂದರು. ಮೊದಮೊದಲು ನಮ್ಮ ದೇಶಕ್ಕೆ ಬಂದದ್ದೆಲ್ಲ ಹಡಗಿನ ಮಾಲು, ರ‍್ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ. ದೊರೆಗಳು, ಅಮಲ್ದಾರರು, ಪೋಸ್ಟಿನವರು ಹತ್ತಿದರು. ಸ್ವಾತಂತ್ರ್ಯದ ನಂತರ ಇಲ್ಲೇ ಕಾರ್ಖಾನೆಗಳಾದವು. 1949ರಲ್ಲಿ ಮದ್ರಾಸಿನ ಟಿ.ಐ. ಸೈಕಲ್ಸ್ ಹುಟ್ಟಿತು, ಅಂಬತ್ತೂರಿನ ಹರ್ಕ್ಯುಲಿಸ್ ನಮ್ಮ ಕಡೆಯ ಹಳೆ ಸೈಕಲ್ಲುಗಳಲ್ಲಿ ಈಗಲೂ ಕಾಣ್ತದೆ. 1951ರಲ್ಲಿ ಸೋನಿಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಆಮೇಲೆ ಬೆಲೆ ಇಳಿಯಿತು. ಮದುವೆಯಲ್ಲಿ ಅಳಿಯ ವಾಚು, ಸೈಕಲ್ಲು, ರೇಡಿಯೋ ಕೇಳುವ ಕಾಲ ಬಂತು. (ಈ ಒಂದು ವಿಷಯದಲ್ಲಿ ನಮ್ಮವರು ಯಾರಿಗೂ ಹಿಂದೆ ಬೀಳಲಿಲ್ಲ ಅನ್ನೋದು ನಾಚಿಕೆಯ ಮಾತು.)

ಕೊಳ್ಳೋದಕ್ಕೆ ಆಗದವರಿಗೆ ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲು. ಅಂಗಡಿಯವನು ಪುಸ್ತಕದಲ್ಲಿ ಹೆಸರು ಬರೆದು "ಯಾವ ಓಣಿ?" ಅಂತ ಕೇಳ್ತಿದ್ದ. ಓಣಿ ಕೇಳಿದರೆ ಜಾತಿ ಕೇಳಿದ ಹಾಗೇ. ಆದರೂ ಆದೋನಿ ಪೇಟೆಯ ಗುಣ ಹಳ್ಳಿಯ ಹಾಗಲ್ಲ. ಹತ್ತಿ ಮಾರ್ಕೆಟ್ಟು, ಜಿನ್ನಿಂಗ್ ಮಿಲ್ಲು, ರೈಲು ಸ್ಟೇಷನ್ನು ಇರೋ ಊರು. ಸುತ್ತಲ ಹಳ್ಳಿಯಿಂದ ಕೂಲಿಗೆ ಬರುವವರು ಹೊತ್ತು ಹುಟ್ಟುವ ಮೊದಲೇ ಮಿಲ್ಲಿನ ಗೇಟಿಗೆ ಬರಬೇಕು. ಆ ಹೊತ್ತಿಗೆ ಬಸ್ಸು ಎಲ್ಲಿ? ಸೈಕಲ್ಲು ಇದ್ದವನು ಊರಿನ ಗೌಡನ ಹೊಲದ ಕೂಲಿಗೇ ಕಾಯಬೇಕಾಗಿದ್ದಿಲ್ಲ, ಎಂಟು ಹತ್ತು ಮೈಲಿ ತುಳಿದು ಪೇಟೆಯ ಕೂಲಿ ಹಿಡಿಯಬಹುದಿತ್ತು. ಗೌಡರಿಗೆ ಸಿಟ್ಟು ಬಂದದ್ದು ಎತ್ತರಕ್ಕೆ ಮಾತ್ರ ಅಲ್ಲ ಅಂತ ನನಗೆ ಇಲ್ಲೇ ಅನ್ನಿಸೋದು.

ಇನ್ನೊಂದು ಮಾತು. ಎತ್ತಿನ ಗಾಡಿಗೆ ಜಾತಿ ಇತ್ತು. ಮರದ ಕೆಲಸ ಬಡಿಗರದು, ಗಾಲಿಯ ಹಳಿ ಕಮ್ಮಾರರದು, ಬಾರು ಮಿಣಿ ನಮ್ಮ ಮಾದಿಗರ ಕೆಲಸ. ಸೈಕಲ್ಲಿಗೆ ಯಾವ ಕುಲವೂ ಇರಲಿಲ್ಲ. ಪಾನಾ ಹಿಡಿಯಲು ಕಲಿತವನೇ ಅದರ ಮೇಸ್ತ್ರಿ. ಪಂಚರ್ ಅಂಗಡಿಯಲ್ಲಿ ಗೌಡರ ಮಗನೂ ನಿಂತು ಕಾಯಲೇಬೇಕು. ಹಳೆಯ ಸೈಕಲ್ಲುಗಳ ಸೀಟು ದಪ್ಪ ತೊಗಲಿನದು. ತೊಗಲು ಹದ ಮಾಡಿದವನನ್ನು ಮುಟ್ಟಬಾರದು, ಆ ತೊಗಲ ಮೇಲೆ ದಿನವಿಡೀ ಕೂರಬಹುದು. ಈ ಶಾಸ್ತ್ರ ಯಾವ ಪುಸ್ತಕದಲ್ಲಿ ಇದೆಯೋ!

ಈಗ ಯುವಕರ ಜೊತೆ ಸ್ವಲ್ಪ ಯಂತ್ರದ ಮಾತು ಆಡ್ತೀನಿ. ನಿಮ್ಮ ತಾತನ ಸೈಕಲ್ಲು ಮೂವತ್ತು ವರ್ಷ ಯಾಕೆ ಬಾಳಿತು, ನೀವು ತಗೊಂಡ ದಪ್ಪ ಟೈರಿನ ಸ್ಪ್ರಿಂಗಿನ ಸೈಕಲ್ಲು ಮೂರೇ ವರ್ಷಕ್ಕೆ ಯಾಕೆ ಗುಜರಿಗೆ ಹೋಯ್ತು? ಹಳೇದರ ಹಿಂದಿನ ಗಾಲಿ ಎಣಿಸಿ ನೋಡ್ರಿ, ನಲವತ್ತು ಕಡ್ಡಿ. ಮುಂದಿನದಕ್ಕೆ ಮೂವತ್ತೆರಡು. ಭಾರ ಬೀಳೋದು ಹಿಂದೆ ಅಂತ ಲೆಕ್ಕ ಹಾಕಿ ಮಾಡಿದ್ದಾರೆ. ಎರಡು ಮೂಟೆ ಜೋಳ ಕ್ಯಾರಿಯರ್ ಮೇಲೆ ಹೊತ್ತು ಬಂದದ್ದು ಆ ನಲವತ್ತು ಕಡ್ಡಿ. ಅಗ್ಗದ ಸ್ಪ್ರಿಂಗು ನೀವು ತುಳಿದ ಬಲದಲ್ಲಿ ಒಂದಷ್ಟನ್ನು ತಾನೇ ನುಂಗ್ತದೆ, ತೂಕ ಬೇರೆ. ದಿನಾ ಕೆಲಸಕ್ಕೆ ಹೋಗುವವನಿಗೆ ಅದು ಶೋಕಿ, ಬೇಡ ಅಂತೀನಿ.

ಚೈನ್ ಚಕ್ರಕ್ಕೆ ನಲವತ್ನಾಲ್ಕು ಹಲ್ಲು, ಹಿಂದಿನ ಫ್ರೀವೀಲಿಗೆ ಹದಿನೆಂಟು ಇದ್ದರೆ ಒಂದು ಸುತ್ತು ತುಳಿದಾಗ ಸೈಕಲ್ಲು ಸುಮಾರು ಐದೂವರೆ ಮೀಟರ್ ಹೋಗ್ತದೆ. ಸಮ ದಾರಿಗೆ ಅದು ಸರಿ. ಆದರೆ ಮುಂಗಾರಿನಲ್ಲಿ ಪಡುವಣ ಗಾಳಿಗೆ ಎದುರಾಗಿ ಹೊಳಗುಂದದ ಕಡೆಗೋ ಕೌತಾಳದ ಕಡೆಗೋ ಭಾರ ಹೊತ್ತು ಹೋಗುವವರು ಫ್ರೀವೀಲು ಇಪ್ಪತ್ತು ಹಲ್ಲಿನದು ಹಾಕಿಸ್ರಿ. ಸುತ್ತಿಗೆ ಅರ್ಧ ಮೀಟರ್ ಕಡಿಮೆ ಹೋಗ್ತದೆ, ಮೊಣಕಾಲು ಉಳೀತದೆ. ಚೈನು ಸವೆದಿದೆಯೋ ಇಲ್ಲವೋ ನೋಡೋದಕ್ಕೆ ಮೇಸ್ತ್ರಿ ಬೇಡ, ಸ್ಕೂಲಿನ ಸ್ಕೇಲು ಸಾಕು. ಒಂದು ಪಿನ್ನಿನಿಂದ ಇಪ್ಪತ್ನಾಲ್ಕು ಕೊಂಡಿ ಎಣಿಸಿದರೆ ಸರಿಯಾಗಿ ಹನ್ನೆರಡು ಇಂಚು ಬರಬೇಕು. ಅದಕ್ಕಿಂತ ಇಂಚಿನ ಎಂಟನೇ ಒಂದು ಪಾಲು ಹೆಚ್ಚಾಗಿದ್ದರೆ ಚೈನು ಬದಲಿಸ್ರಿ, ಇಲ್ಲದಿದ್ದರೆ ಅದು ಹಲ್ಲುಗಳನ್ನೂ ತಿಂದು ಹಾಕ್ತದೆ. ಲಾರಿಯ ಕಪ್ಪು ಆಯಿಲ್ ಸುರೀಬೇಡ್ರಿ. ನಮ್ಮ ಧೂಳಿಗೆ ಅದು ಅಂಟಾಗಿ ಮರಳು ಕಾಗದದ ಹಾಗೆ ತೇಯ್ತದೆ. ಸೀಮೆಎಣ್ಣೆ ಸಿಕ್ಕರೆ ಅದರಲ್ಲಿ ತೊಳೆದು, ತೆಳು ಎಣ್ಣೆ ಬಿಟ್ಟು, ಬಟ್ಟೆಯಿಂದ ಒರೆಸಿಬಿಡ್ರಿ.

ನಮ್ಮ ನೆಲಕ್ಕೆ ಎರಡು ಶತ್ರು. ಒಂದು ಎರೆ ಮಣ್ಣು. ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಇಳಿದರೆ ಮಣ್ಣು ಮಡ್‌ಗಾರ್ಡಿಗೂ ಟೈರಿಗೂ ನಡುವೆ ತುಂಬಿ ಗಾಲಿ ನಿಂತುಬಿಡ್ತದೆ. ಆಗ ನಾವು ಸೈಕಲ್ಲಿನ ಮೇಲೆ ಅಲ್ಲ, ಸೈಕಲ್ಲೇ ನಮ್ಮ ಹೆಗಲ ಮೇಲೆ. ಹಿರಿಯರು ಮಣ್ಣು ಕೆರೆಯೋಕೆ ಕ್ಯಾರಿಯರಿಗೆ ಒಂದು ಕಡ್ಡಿ ಸಿಕ್ಕಿಸಿಕೊಂಡೇ ಹೊರಡ್ತಿದ್ದರು. ರಿಮ್ಮು ಒದ್ದೆ ಆದಾಗ ಬ್ರೇಕು ಹಿಡಿಯೋದು ತಡ ಅನ್ನೋದೂ ನೆನಪಿರಲಿ. ಇನ್ನೊಂದು ಬಳ್ಳಾರಿ ಜಾಲಿಯ ಮುಳ್ಳು. ಪಂಚರ್ ಹಾಕುವ ಮುಂದೆ ಟೈರಿನ ಒಳಮೈ ಪೂರ್ತಿ ಬೆರಳಾಡಿಸಿ ನೋಡ್ರಿ. ಮುರಿದ ಮುಳ್ಳಿನ ತುದಿ ಒಳಗೇ ಉಳಿದಿದ್ದರೆ ಮನೆ ಮುಟ್ಟುವ ಮೊದಲೇ ಗಾಳಿ ಹೋಗ್ತದೆ. ಹಳೆ ಟ್ಯೂಬಿನಲ್ಲಿ ಎಲ್ಲೂ ತೂತಿಲ್ಲದೆ ಗಾಳಿ ಇಳಿಯುತ್ತಿದ್ದರೆ ವಾಲ್ ಟ್ಯೂಬು ಬದಲಿಸಿ ನೋಡ್ರಿ. ಬೆರಳುದ್ದದ ಆ ರಬ್ಬರು ಚೂರಿನ ಮೇಲೆ ಇಡೀ ಸೈಕಲ್ಲು ನಿಂತಿರ್ತದೆ.

ಇಷ್ಟು ಯಾಕೆ ಹೇಳಿದೆ ಅಂದರೆ, ದುರಸ್ತಿ ಬಾರದವನ ಸೈಕಲ್ಲು ಊರ ನಡುವೆ ನಿಂತರೆ ಅವನು ಇಳಿದು ತಳ್ಳಲೇಬೇಕು. ಇಳಿಯಲು ಹೇಳುವವರು ಇದ್ದ ಕಾಲದಲ್ಲಿ ನಮ್ಮ ಹಿರಿಯರು ಜೇಬಿನಲ್ಲಿ ಸಣ್ಣ ಪಾನಾ, ಸಲ್ಯೂಷನ್ ಟ್ಯೂಬು ಇಟ್ಟುಕೊಂಡು ಓಡಾಡಿದ್ದು ಸುಮ್ಮನೆ ಅಲ್ಲ.

ಸೈಕಲ್ಲಿನಿಂದ ಚಳವಳಿ ಕಟ್ಟಿದವರೂ ನಮ್ಮವರೇ. ಕಾನ್ಶಿರಾಮರು 1981ರ ಡಿಸೆಂಬರ್ 6ರಂದು ಡಿ.ಎಸ್.4 ಸಂಘಟನೆ ಶುರು ಮಾಡಿದರು. 1983ರ ಮಾರ್ಚ್ 15ಕ್ಕೆ ದೆಹಲಿಯಿಂದ ಸುಮಾರು ನೂರು ಜನ ಸೈಕಲ್ಲಿನಲ್ಲಿ ಹೊರಟರು, ಕಾನ್ಶಿರಾಮರೂ ತುಳಿದರು. ನಲವತ್ತು ದಿನ, ಏಳು ರಾಜ್ಯ, ಮೂರು ಸಾವಿರ ಕಿಲೋಮೀಟರಿಗೆ ಕಡಿಮೆ ಇಲ್ಲ. ಅಂದರೆ ದಿನಕ್ಕೆ ಎಪ್ಪತ್ತೈದರ ಮೇಲೆ. ದಾರಿಯ ಊರೂರಿನಲ್ಲಿ ಸಭೆ. ಮರುವರ್ಷ ಏಪ್ರಿಲ್ 14ಕ್ಕೆ ಬಿ.ಎಸ್.ಪಿ. ಹುಟ್ಟಿತು. ಕಾರು ಜೀಪು ಇಲ್ಲದ ಜನ ಕಾಲಿನ ಬಲದಿಂದಲೇ ಪಕ್ಷ ಕಟ್ಟಿದ ಕಥೆ ಇದು. ಆ ನೂರು ಸೈಕಲ್ಲಿಗೆ ದಿನಾ ಪಂಚರ್ ಹಾಕಿದವರು ಯಾರೋ, ಅವರ ಹೆಸರು ಯಾವ ಚರಿತ್ರೆಯಲ್ಲೂ ಬರಲಿಲ್ಲ!

ಹೆಣ್ಣುಮಕ್ಕಳ ಕಥೆ ತಡವಾಗಿ ಶುರುವಾಯಿತು. 1991ರ ನಂತರ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಚಳವಳಿಯ ಜೊತೆ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಕಲ್ಲುಕ್ವಾರಿಯ ಕೂಲಿಯವರೂ ಅವರಲ್ಲಿದ್ದರು. ಗಡಿಯಾಚೆ ಸಿರುಗುಪ್ಪದ ಕಡೆ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಕರ್ನಾಟಕ ಸರ್ಕಾರ ಸೈಕಲ್ಲು ಕೊಟ್ಟಿತು. ನಮ್ಮ ಆಂಧ್ರದಲ್ಲಿ ಹೈಸ್ಕೂಲಿನ ಹುಡುಗಿಯರಿಗೆ ಬಡಿಕೊಸ್ತಾ ಹೆಸರಿನಲ್ಲಿ ಬಂದವು. ತಂಗೀ, ಅಪ್ಪ ಅವ್ವ ಸುಗ್ಗಿಗೆ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋದಾಗ, ಅಜ್ಜಿ ಹತ್ತಿರ ಉಳಿದು ಸ್ಕೂಲು ಬಿಡದೆ ತುಳಿದವಳು ನೀನು. ಆ ಸೈಕಲ್ಲಿನ ಪಾನಾ ಅಣ್ಣನ ಕೈಗೆ ಯಾಕೆ ಕೊಡ್ತೀ? ನೀನೇ ಹಿಡಿ.

ಈಗ ಎಲ್ಲರ ಮನೆ ಮುಂದೆಯೂ ಬೈಕು. ಹಳೆಯ ಹರ್ಕ್ಯುಲಿಸ್, ಅಟ್ಲಾಸ್ ಎಲ್ಲ ಗೋಡೆಗೆ ಒರಗಿ ತುಕ್ಕು ಹಿಡಿದಿವೆ. ಗುಜರಿಯವನು ತೂಕದ ಲೆಕ್ಕದಲ್ಲಿ ಒಯ್ತಾನೆ. ಮಾರಬೇಡ್ರಿ ಅಂತ ಹೇಳುವ ಅಧಿಕಾರ ನನಗಿಲ್ಲ. ಮಾರುವ ಮುಂದೆ ಒಂದು ಕೆಲಸ ಮಾಡ್ರಿ. ಸೀಟಿನ ಕೆಳಗಿನ ಕೊಳವೆಯ ಮೇಲೋ, ಪೆಡಲ್ಲಿನ ಆಕ್ಸಲ್ ಕೂರುವ ಕಡೆ ತಳದಲ್ಲೋ ನಂಬರು ಕೊರೆದಿರ್ತದೆ. ಬಟ್ಟೆಯಿಂದ ಒರೆಸಿ ಅದನ್ನು ಬರೆದುಕೊಳ್ಳಿ. ಅದರ ಪಕ್ಕ ಯಾರು, ಯಾವ ವರ್ಷ, ಯಾವ ಕೂಲಿಯ ದುಡ್ಡಿನಲ್ಲಿ ತಂದರು ಅಂತ ಕೇಳಿ ಬರೀರಿ. ಅವರು ಯಾವ ಓಣಿಯಲ್ಲಿ ಇಳೀತಿದ್ದರು, ಇಳಿಯೋದನ್ನು ಯಾವ ದಿನ ಬಿಟ್ಟರು, ಅವತ್ತು ಏನಾಯ್ತು ಅನ್ನೋದನ್ನೂ ಬರೀರಿ. ಚೀಟಿ ತಂದು ಸಂಘದ ಕೋಣೆಯಲ್ಲಿ ಕೊಡ್ರಿ, ಮುಂದಿನ ವರ್ಷದ ಸಂಚಿಕೆಗೆ ಬೇಕು.