ಓಡಿದ ಗಂಟೆ, ನಿಂತ ಗಂಟೆ: ಚೆನ್ನೈ ಕಡಲಿನ ಡೀಸೆಲ್ ಎಂಜಿನ್ನುಗಳ ಸಾಮರ್ಥ್ಯ ಮತ್ತು ಖರ್ಚು

ಚೆನ್ನೈ ಬಂದರಿನ ಆವರಣದಲ್ಲಿ ರಾಯಲ್ ಮದ್ರಾಸ್ ಯಾಚ್ ಕ್ಲಬ್ ಇದೆ. ಪೋರ್ಟ್ ಟ್ರಸ್ಟಿನ ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ 1911ರಲ್ಲಿ ಅದನ್ನು ಹುಟ್ಟುಹಾಕಿದರು. ಅಲ್ಲಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ನಡೆದರೆ ಕಾಸಿಮೇಡು ಮೀನುಗಾರಿಕಾ ಬಂದರು. ಎರಡು ಕಡೆಯೂ ಒಂದೇ ಉಪ್ಪುನೀರು, ಒಂದೇ ಡೀಸೆಲ್. ಖರ್ಚಿನ ಲೆಕ್ಕ ಮಾತ್ರ ಬೇರೆ ಬೇರೆ. ಚೆನ್ನೈಯಲ್ಲಿ ಮೋಟಾರು ವಿಹಾರನೌಕೆಗಳು ವಿರಳ. ಆದ್ದರಿಂದ ವಿಹಾರನೌಕೆಯ ಎಂಜಿನ್ನನ್ನು ಮೀನುಗಾರರ ಟ್ರಾಲ್ ಬೋಟಿನ ಪಕ್ಕದಲ್ಲಿಟ್ಟು ನೋಡುವುದೇ ಇಲ್ಲಿ ಹೆಚ್ಚು ಫಲ ಕೊಡುವ ದಾರಿ.

ಮೊದಲು ಭೌತಶಾಸ್ತ್ರ. ಪ್ರೊಪೆಲ್ಲರ್ ಬೇಡುವ ಶಕ್ತಿ ಅದು ತಿರುಗುವ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ಎಂಜಿನ್ನನ್ನು ಗರಿಷ್ಠ ವೇಗದ ಶೇ. 80ಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಅರ್ಧಕ್ಕೆ, ಅಂದರೆ ಶೇ. 51ಕ್ಕೆ ಕುಸಿಯುತ್ತದೆ. ದೋಣಿಯ ಒಡಲಿಗೂ ತನ್ನದೇ ಮಿತಿಯಿದೆ. ನೀರನ್ನು ಸೀಳಿ ಸಾಗುವ ಒಡಲು ತಾನೇ ಎಬ್ಬಿಸಿದ ಅಲೆಯ ಎರಡು ಶಿಖರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನೀರಿನ ಗೆರೆಯಲ್ಲಿ 15 ಮೀಟರ್ ಉದ್ದವಿರುವ ದೋಣಿಗೆ ಆ ಮಿತಿ ಸುಮಾರು 9.4 ನಾಟ್. ಅದನ್ನು ದಾಟಲು ಒಡಲು ನೀರಿನ ಮೇಲೆದ್ದು ಜಾರಬೇಕು. ವೇಗದ ವಿಹಾರನೌಕೆಗಳು ಮಾಡುವುದು ಇದನ್ನೇ, ಡೀಸೆಲ್ ಕುಡಿಯುವುದೂ ಇಲ್ಲಿಯೇ.

ಲೆಕ್ಕಕ್ಕೆಂದು 14 ಮೀಟರ್ ಉದ್ದದ ಒಂದು ನೌಕೆಯನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ತಲಾ 220 ಕಿಲೋವಾಟಿನ ಎರಡು ಎಂಜಿನ್. ಈಗಿನ ಟರ್ಬೋ ಎಂಜಿನ್ ಒಂದು ಕಿಲೋವಾಟ್-ಗಂಟೆಗೆ ಸುಮಾರು 210 ಗ್ರಾಂ ಡೀಸೆಲ್ ಸುಡುತ್ತದೆ. ಪೂರ್ತಿ ಭಾರದಲ್ಲಿ 24 ನಾಟ್ ವೇಗ ಸಿಕ್ಕಿತೆಂದುಕೊಂಡರೆ ಗಂಟೆಗೆ 110 ಲೀಟರ್ ಖರ್ಚು. ಲೀಟರಿಗೆ 92 ರೂಪಾಯಿಯಂತೆ ಅದು 10,120 ರೂಪಾಯಿ, ನಾಟಿಕಲ್ ಮೈಲಿಗೆ ಸುಮಾರು 422. ಅದೇ ನೌಕೆ 8 ನಾಟ್‌ನಲ್ಲಿ ಹೋದರೆ 40 ಕಿಲೋವಾಟ್ ಸಾಕೆನ್ನಿ. ಹಗುರ ಭಾರದಲ್ಲಿ ಎಂಜಿನ್ನಿನ ದಕ್ಷತೆ ಇಳಿಯುವುದನ್ನು ಸೇರಿಸಿಕೊಂಡರೂ ಗಂಟೆಗೆ 12 ಲೀಟರ್, ಮೈಲಿಗೆ 138 ರೂಪಾಯಿ. ಎಂಜಿನ್ ಬದಲಾಗಿಲ್ಲ, ಮಾಲೀಕನ ಆತುರ ಮಾತ್ರ ಬದಲಾಗಿದೆ. ಗಂಟೆಗೆ ಎಷ್ಟು ಲೀಟರ್ ಎಂಬ ಅಂಕಿಯನ್ನು ಜಾಹೀರಾತುಗಳು ಮುಂದಿಡುತ್ತವೆ. ವೇಗ ಹೇಳದೆ ಕೊಟ್ಟ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಅಶ್ವಶಕ್ತಿಯ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಒಂದೇ ಎಂಜಿನ್ ಬೇರೆ ಬೇರೆ ದರ್ಜೆಗಳಲ್ಲಿ ಮಾರಾಟಕ್ಕೆ ಬರುತ್ತದೆ. ಎಂಜಿನ್ ತಯಾರಿಸುವ ಕ್ಯಾಟರ್‌ಪಿಲ್ಲರ್ ಕಂಪನಿ ಎ ಯಿಂದ ಇ ವರೆಗೆ ಐದು ದರ್ಜೆ ಇಟ್ಟುಕೊಂಡಿದೆ: ಎ ಎಂದರೆ ಎಡೆಬಿಡದ ದುಡಿಮೆ, ಇ ಎಂದರೆ ಅಪರೂಪಕ್ಕೆ, ಸ್ವಲ್ಪ ಹೊತ್ತು ಮಾತ್ರ ಪೂರ್ತಿ ಶಕ್ತಿ. ವಿಹಾರನೌಕೆಯ ದೊಡ್ಡ ಅಂಕಿ ಬರುವುದು ಈ ಇ ಬಗೆಯ ದರ್ಜೆಯಿಂದ. ಅದೇ ಎಂಜಿನ್ನನ್ನು ಬಲೆ ಎಳೆಯುವ ಕೆಲಸಕ್ಕೆ ಹೂಡಿದರೆ ಬೇಗ ಸವೆದುಹೋಗುತ್ತದೆ. ಇದರ ಮೇಲೆ ಚೆನ್ನೈಯ ಸೆಕೆ ಬೇರೆ. ಐಎಸ್ಒ 3046 ಮಾನದಂಡ ಗಾಳಿಯನ್ನೂ ಟರ್ಬೋ ಗಾಳಿಯನ್ನು ತಣಿಸುವ ನೀರನ್ನೂ 25 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿದು ಶಕ್ತಿ ಅಳೆಯುತ್ತದೆ. ಮೇ ತಿಂಗಳಲ್ಲಿ ಇಲ್ಲಿಯ ಕಡಲನೀರೇ 30ರ ಹತ್ತಿರ ಇರುತ್ತದೆ, ಎಂಜಿನ್ ಕೋಣೆಯ ಗಾಳಿಯ ಮಾತೇ ಬೇಡ. ಕಾಗದದ ಮೇಲಿನ ಶಕ್ತಿ ಇಲ್ಲಿ ಪೂರ್ತಿ ಕೈಗೆ ಬರುವುದಿಲ್ಲ.

ಕಾಸಿಮೇಡಿನ ಲೆಕ್ಕ ಇನ್ನೊಂದು ತೆರ. ಅಲ್ಲಿಯ ಎಷ್ಟೋ ಬೋಟುಗಳಲ್ಲಿ ಲಾರಿಯ ವಂಶದ ಎಂಜಿನ್ನುಗಳೇ ಇವೆ. ಎಣ್ಣೂರಿನ ಅಶೋಕ್ ಲೇಲ್ಯಾಂಡಿನ ಆರು ಸಿಲಿಂಡರಿನ ಎಂಜಿನ್ನಿಗೆ ರೇಡಿಯೇಟರ್ ತೆಗೆದು ಕಡಲನೀರಿನಿಂದ ತಣಿಸುವ ವ್ಯವಸ್ಥೆ ಜೋಡಿಸಿ, ವೇಗ ತಗ್ಗಿಸುವ ಗೇರ್‌ಬಾಕ್ಸ್ ಕೊಟ್ಟರೆ ಅದು ಕಡಲಿಗೆ ಸಿದ್ಧ. ಇಂಥ ಒಂದು ಬೋಟು ವರ್ಷಕ್ಕೆ 200 ದಿನ, ದಿನಕ್ಕೆ 15 ಗಂಟೆ, ಗಂಟೆಗೆ ಸರಾಸರಿ 15 ಲೀಟರಿನಂತೆ ಓಡಿತೆಂದು ಹಿಡಿಯಿರಿ. 3,000 ಗಂಟೆಗೆ 45,000 ಲೀಟರ್, ಅಂದರೆ 41.4 ಲಕ್ಷ ರೂಪಾಯಿ. ತಮಿಳುನಾಡು ಸರ್ಕಾರ ಯಾಂತ್ರೀಕೃತ ಬೋಟುಗಳಿಗೆ ಮಾರಾಟ ತೆರಿಗೆಯಿಲ್ಲದೆ ಕೊಡುವ ಡೀಸೆಲನ್ನು 2023ರಲ್ಲಿ ವರ್ಷಕ್ಕೆ 18,000 ಲೀಟರಿನಿಂದ 19,000ಕ್ಕೆ ಏರಿಸುವುದಾಗಿ ಘೋಷಿಸಿತು. ನಮ್ಮ ಕಲ್ಪನೆಯ ಬೋಟಿಗೆ ಅದು ಅರ್ಧವನ್ನೂ ಮುಟ್ಟುವುದಿಲ್ಲ.

ಈಗ ಹೊಸ ಎಂಜಿನ್ನಿನ ಪ್ರಶ್ನೆ. ಟರ್ಬೋ ಇಲ್ಲದ ಹಳೆಯ ಎಂಜಿನ್ ಕಿಲೋವಾಟ್-ಗಂಟೆಗೆ 250 ಗ್ರಾಂ ಸುಡುತ್ತದೆಂದು ಹಿಡಿದರೆ, 210 ಗ್ರಾಮಿನ ಹೊಸ ಕಾಮನ್ ರೈಲ್ ಎಂಜಿನ್ ಶೇ. 16 ಉಳಿಸುತ್ತದೆ. ಟ್ರಾಲ್ ಬೋಟಿಗೆ ಆ ಉಳಿತಾಯ ವರ್ಷಕ್ಕೆ 7,200 ಲೀಟರ್, ಅಂದರೆ 6.6 ಲಕ್ಷ ರೂಪಾಯಿ. ವಿಹಾರನೌಕೆ ವರ್ಷಕ್ಕೆ 100 ಗಂಟೆ ಓಡಿ 3,000 ಲೀಟರ್ ಸುಟ್ಟರೆ ಅದಕ್ಕೆ ಉಳಿಯುವುದು 480 ಲೀಟರ್, 44,000 ರೂಪಾಯಿ. ಅಂದಮೇಲೆ ಕಾಮನ್ ರೈಲ್ ಎಂಜಿನ್ ನಿಜಕ್ಕೂ ಬೇಕಾದದ್ದು ಕಾಸಿಮೇಡಿಗೆ. ಕೊಳ್ಳುವವನು ಮಾತ್ರ ವಿಹಾರನೌಕೆಯವನು.

ಇದು ಮೀನುಗಾರರ ಅಜ್ಞಾನವಲ್ಲ. ಕಾಮನ್ ರೈಲ್ ವ್ಯವಸ್ಥೆ ಡೀಸೆಲನ್ನು 1,600 ಬಾರ್‌ಗೂ ಮೀರಿದ ಒತ್ತಡದಲ್ಲಿ ಚಿಮ್ಮಿಸುತ್ತದೆ. ಟ್ಯಾಂಕಿನಲ್ಲಿ ಬೆವೆತ ನೀರಿನ ನಾಲ್ಕು ಹನಿ, ಕಣ್ಣಿಗೆ ಕಾಣದ ಧೂಳು ಇಂಜೆಕ್ಟರನ್ನು ಕೆಡಿಸಲು ಸಾಕು. ಕೆಟ್ಟರೆ ದೋಷ ಹುಡುಕಲು ಲ್ಯಾಪ್‌ಟಾಪ್ ಹಿಡಿದ ತಂತ್ರಜ್ಞ ಬೇಕು. ಹಳೆಯ ಪಂಪನ್ನು ಬಂದರಿನ ಮೆಕ್ಯಾನಿಕ್ ಸ್ಪ್ಯಾನರಿನಲ್ಲೇ ಬಿಚ್ಚಿ ಜೋಡಿಸುತ್ತಾನೆ. ದಡದಿಂದ ದೂರ ಎಂಜಿನ್ ನಿಂತರೆ ಹಾಳಾಗುವುದು ಆ ಯಾನದ ಮೀನು, ಮಂಜುಗಡ್ಡೆ, ಹುಡುಗರ ಕೂಲಿ ಮೂರೂ. ನಮ್ಮ ಮಲ್ಪೆ ಬಂದರಿನ ತಾಂಡೇಲನೂ (ಬೋಟು ನಡೆಸುವವನೂ) ಇದೇ ತರ್ಕದಲ್ಲಿ ಯೋಚಿಸುತ್ತಾನೆ. ಇಂಧನ ದಕ್ಷತೆಯ ಅಧ್ಯಯನಗಳು ಎಂಜಿನ್ ನಿಂತಾಗಿನ ಈ ನಷ್ಟವನ್ನು ಲೆಕ್ಕಕ್ಕೆ ತರದಿದ್ದರೆ ಮೀನುಗಾರನಿಗೆ ಉಪಯೋಗವಿಲ್ಲ.

ಹೆಚ್ಚು ಶಕ್ತಿಯ ಆಸೆ ಕಾಸಿಮೇಡಿನಲ್ಲಿ ಇಲ್ಲವೆಂದಲ್ಲ. ಅತಿವೇಗದ ಚೀನಾ ಎಂಜಿನ್ನುಗಳ ವಿಷಯದಲ್ಲಿ ಮೀನುಗಾರರ ನಡುವೆಯೇ ಜಗಳವಾಗಿತ್ತು. ತಮಿಳುನಾಡಿನ ಕಡಲ ಮೀನುಗಾರಿಕೆ ನಿಯಂತ್ರಣದ 1983ರ ಕಾಯ್ದೆಯಡಿ 2020ರಲ್ಲಿ ತಿದ್ದಿದ ನಿಯಮಗಳು ಬೋಟಿನ ಉದ್ದಕ್ಕೆ 24 ಮೀಟರ್, ಎಂಜಿನ್ನಿಗೆ 240 ಅಶ್ವಶಕ್ತಿಯ ಮಿತಿ ಹಾಕಿದವು. ಮೇಲೆ ಹೇಳಿದ ಅಲೆಯ ಮಿತಿಯಿಂದಾಗಿ ಹೆಚ್ಚುವರಿ ಶಕ್ತಿ ಇಂಥ ಒಡಲಿಗೆ ಕೊಡುವ ವೇಗ ಅಲ್ಪ. ಅದರಿಂದ ಸಿಗುವುದು ದೊಡ್ಡ ಬಲೆಯನ್ನು ಜಗ್ಗುವ ತಾಕತ್ತು. ಹಾಗಾಗಿ ಈ ಜಗಳ ಎಂಜಿನ್ನಿನದೆನ್ನುವುದಕ್ಕಿಂತ ಮೀನಿನ ಪಾಲಿನದು.

ವಿಹಾರನೌಕೆಯ ದೊಡ್ಡ ಖರ್ಚು ನಿಂತ ಗಂಟೆಗಳದು. ಬೆಚ್ಚನೆಯ ಬಂದರಿನ ನೀರಿನಲ್ಲಿ ಬಾರ್ನಕಲ್ ಚಿಪ್ಪು ಬೇಗ ಹತ್ತುತ್ತದೆ. ಚಿಪ್ಪು ಹತ್ತಿದ ಪ್ರೊಪೆಲ್ಲರ್ ಎಂಜಿನ್ನನ್ನು ಪೂರ್ತಿ ವೇಗಕ್ಕೆ ಏರಗೊಡದೆ ಕಪ್ಪು ಹೊಗೆ ಕಾರಿಸುತ್ತದೆ. ಎಂಜಿನ್ ಆಯಿಲ್, ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್, ತುಕ್ಕನ್ನು ತನ್ನ ಮೇಲೆ ಎಳೆದುಕೊಳ್ಳುವ ಸತುವಿನ ತುಂಡು, ಇವೆಲ್ಲವನ್ನೂ ಗಂಟೆ ನೋಡದೆ ಕ್ಯಾಲೆಂಡರ್ ನೋಡಿ ಬದಲಿಸಬೇಕು. ದೊಡ್ಡ ಎಂಜಿನ್ನನ್ನು ಸದಾ ನಿಧಾನ ಓಡಿಸುವುದೂ ಒಳ್ಳೆಯದಲ್ಲ: ಸಿಲಿಂಡರ್ ಕಾಯದೆ ಅರೆಬೆಂದ ಡೀಸೆಲ್ ಮಸಿಯಾಗಿ ಕೂರುತ್ತದೆ. ನೌಕೆಯನ್ನು 8 ನಾಟ್‌ನಲ್ಲಿ ಓಡಿಸುವ ಜಾಣ ಮಾಲೀಕ ಆಗಾಗ ಕೆಲವು ನಿಮಿಷ ಎಂಜಿನ್ನಿಗೆ ಭಾರ ಕೊಟ್ಟು ಬಿಸಿ ಮಾಡಲೇಬೇಕು.

ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ಕರಾವಳಿಯಲ್ಲಿ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಕಾಸಿಮೇಡಿನಲ್ಲಿ ಬೋಟುಗಳನ್ನು ದಡಕ್ಕೆಳೆದು ಚಿಪ್ಪು ಕೆರೆದು ಬಣ್ಣ ಬಳಿಯುತ್ತಾರೆ, ಎಂಜಿನ್ ಬಿಚ್ಚುತ್ತಾರೆ. ವಿಹಾರನೌಕೆಗೆ ಇಂಥ ನಿಷೇಧವಿಲ್ಲ. ಅದರ ಎಂಜಿನ್ನಿನ ಮುಚ್ಚಳ ತೆಗೆಯುವುದು ಸಾಮಾನ್ಯವಾಗಿ ಕೆಟ್ಟ ಮೇಲೆಯೇ.